ಗಾಳಿ ಕರೆಂಟ್ ಹಾಕಿಸಿಕೊಳ್ಳುವ ಮೊದಲು: ಟೆಕ್ಸಾಸ್‌ಗೆ ಹೊರಟ ನಮ್ಮ ಕಡೆಯವರಿಗೆ

ಸಂಕ್ರಾಂತಿಗೆ ವಿಜಯಪುರಕ್ಕೆ ಬಂದಿದ್ದೇನೆ. ಸಿದ್ಧೇಶ್ವರ ಜಾತ್ರೆ ಮುಗಿದರೂ ಮನೆಯಲ್ಲಿ ಇನ್ನೂ ಮಾದಲಿ ವಾಸನೆ. ಓಣಿಯ ಹುಡುಗನೊಬ್ಬ ಮುಂದಿನ ತಿಂಗಳು ಡಲ್ಲಾಸ್‌ಗೆ ಹೊರಟಿದ್ದಾನೆ. ಚಹಾ ಕುಡಿಯುತ್ತ ಕೇಳಿದ: "ಅಕ್ಕಾರ, ಅಲ್ಲಿ ಗಾಳಿ ಕರೆಂಟ್ ಅಂತ ಸ್ಕೀಮ್ ಐತಂತಲ್ರಿ, ಹಾಕಿಸ್ಕೋಬೇಕೇನ್ರಿ?" ನಾನು ಬಾಯಿ ತೆರೆಯುವ ಮೊದಲೇ ಅಡುಗೆಮನೆಯಿಂದ ಅವ್ವ, "ಬ್ಯಾಡಪಾ ಯಪ್ಪಾ, ರಾತ್ರಿ ಒಂಬತ್ತಕ್ಕ ರೊಟ್ಟಿ ಬಡಿಬೇಕಾಗತೈತಿ" ಅಂದಳು. ಇಷ್ಟು ವರ್ಷ ಆದರೂ ಅವಳ ಸಿಟ್ಟು ಇಳಿದಿಲ್ಲ. ಅದಕ್ಕೇ ಗಾಳಿ ಯಂತ್ರದಿಂದ ಬರುವ ಕರೆಂಟಿನ ಈ ಸ್ಕೀಮ್‌ಗಳ ಬಗ್ಗೆ ಬರೆದುಬಿಡುತ್ತಿದ್ದೇನೆ.

ಕಾಗದಪತ್ರದ ಮಾತು ಬೇಗ ಮುಗಿಸೋಣ. ಬಾಡಿಗೆ ಕರಾರು, ಪಾಸ್‌ಪೋರ್ಟ್, ಅಮೆರಿಕ ಸರ್ಕಾರ ಕೊಡುವ ಸೋಶಿಯಲ್ ಸೆಕ್ಯೂರಿಟಿ ನಂಬರ್. ಅದಿನ್ನೂ ಬಂದಿಲ್ಲ ಅಂದ್ರೆ ಡಿಪಾಸಿಟ್ ಕೇಳಬಹುದು. ಆನ್‌ಲೈನ್‌ನಲ್ಲೇ ಆಗುತ್ತದೆ. ಡಲ್ಲಾಸ್, ಹ್ಯೂಸ್ಟನ್ ಕಡೆ ಕರೆಂಟ್ ಕಂಪನಿಯನ್ನು ನೀವೇ ಆರಿಸಬೇಕು. ಆಸ್ಟಿನ್, ಸ್ಯಾನ್ ಆಂಟೋನಿಯೋದಂಥ ಊರಲ್ಲಿ ಕರೆಂಟ್ ಕೊಡುವುದು ನಗರಾಡಳಿತದವರೇ, ಆಯ್ಕೆ ಇಲ್ಲ. ಮತ್ತೆ, ಟ್ಯಾಬ್ಲೆಟ್ ಹಿಡಿದು ಬಾಗಿಲಿಗೆ ಬರುವ ಕರೆಂಟ್ ಕಂಪನಿ ಏಜೆಂಟರಿಗೆ ಬಿಲ್ ತೋರಿಸಬೇಡಿ. ನಾನು ಒಬ್ಬನನ್ನು ಒಳಗೆ ಕೂರಿಸಿ, ಪಾಪ ಬಿಸಿಲಲ್ಲಿ ಬಂದಿದ್ದಾನೆ ಅಂತ ಮಜ್ಜಿಗೆ ಕೊಟ್ಟು, ಕೇಳಿದ ಅಂತ ಬಿಲ್ಲನ್ನೂ ಕೊಟ್ಟೆ. ಮುಂದಿನ ತಿಂಗಳು ನಮ್ಮ ಕಂಪನಿಯೇ ಬದಲಾಗಿತ್ತು.

ಇನ್ನು ರೊಟ್ಟಿ ಕತೆ. 2015ರಲ್ಲಿ ನಾವು ಡಲ್ಲಾಸ್ ಹತ್ತಿರದ ಅಪಾರ್ಟ್‌ಮೆಂಟ್‌ನಲ್ಲಿದ್ದೆವು. ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಕರೆಂಟ್ ಪುಕ್ಕಟೆ, ಅದೂ ಗಾಳಿಯದ್ದು ಅನ್ನುವ ಪ್ಲಾನ್ ಸಿಕ್ಕಿತು. ಪುಕ್ಕಟೆ ಅಂದ ಮೇಲೆ ಬಿಡ್ತೀವಾ? ಅದು ಸುಳ್ಳೂ ಅಲ್ಲ. ಪಶ್ಚಿಮ ಟೆಕ್ಸಾಸ್‌ನಲ್ಲಿ ಗಾಳಿ ಜೋರಾಗುವುದೇ ರಾತ್ರಿ. ಆ ಹೊತ್ತಿಗೆ ಜನ ಮಲಗಿರುತ್ತಾರೆ, ಕರೆಂಟ್ ಕೇಳುವವರಿಲ್ಲ. ಸಗಟು ಬೆಲೆ ಕೆಲವು ರಾತ್ರಿ ಸೊನ್ನೆಗಿಂತ ಕೆಳಗೂ ಹೋಗುತ್ತದೆ. ಆದರೆ ಹಗಲಿನ ದರ? ಅದು ಸಣ್ಣ ಅಕ್ಷರದಲ್ಲಿತ್ತು. ನಾನು ಓದಲಿಲ್ಲ.

ಅದೇ ವರ್ಷ ಮಗಳು ಹುಟ್ಟಿದಳು. ಬಾಣಂತನಕ್ಕೆ ಅವ್ವ ಬಂದಳು. ಬಾಣಂತನ ಅಂದ್ರೆ ಗೊತ್ತಲ್ಲ, ದಿನಕ್ಕೆ ಎರಡು ಸಲ ಸುಡುಸುಡು ನೀರು, ಕೂಸಿನ ಬಟ್ಟೆ, ಮೂರು ಹೊತ್ತೂ ಬಿಸಿ ರೊಟ್ಟಿ. ಒಲೆ ಕರೆಂಟಿನ ಕಾಯಿಲ್‌ದು, ಹಂಚು ಕಾಯಲು ಹತ್ತು ನಿಮಿಷ. ಬಿಲ್ 340 ಡಾಲರ್ ಬಂತು. ನಮ್ಮ ಮನೆಯವರು ಯಾವುದನ್ನು ಯಾವಾಗ ಹಚ್ಚಬೇಕು ಅಂತ ಪಟ್ಟಿ ಬರೆದು ಫ್ರಿಜ್ಜಿಗೆ ಅಂಟಿಸಿದರು. ಅವ್ವನಿಗೆ ಓದಿ ಹೇಳಿದೆ. "ಅಲ್ಲವಾ, ಹಸಿ ಬಾಣಂತಿಗೆ ರೊಟ್ಟಿ ಹಾಕಾಕ ಗಡಿಯಾರ ನೋಡಬೇಕೇನ?" ಅಂದಳು. ಆಮೇಲೆ ಅವಳೇ ದಾರಿ ಹುಡುಕಿದಳು. ಒಂಬತ್ತು ಹೊಡೆದ ಮೇಲೆ ಕೂತು ಕಟಕ ರೊಟ್ಟಿ ಬಡಿದು, ಬಟ್ಟೆಯ ಮೇಲೆ ಹರವಿ ಇಡುತ್ತಿದ್ದಳು. ಮೂರನೇ ದಿನ ಕೆಳಗಿನ ಮನೆಯವರಿಂದ ದೂರು: ರಾತ್ರಿ ಮೇಲೆ ಯಾರೋ ಏನೋ ಕುಟ್ಟುತ್ತಾರೆ. ರೊಟ್ಟಿ ಸದ್ದು ಅಂತ ಇಂಗ್ಲಿಷ್‌ನಲ್ಲಿ ವಿವರಿಸುವುದು ಎಷ್ಟು ಕಷ್ಟ ಅಂತ ಅವತ್ತು ಗೊತ್ತಾಯ್ತು.

ಹಾಗಾಗಿ ಆಯ್ಕೆ ಇರುವ ಊರಲ್ಲಿ 'ಎಲೆಕ್ಟ್ರಿಸಿಟಿ ಫ್ಯಾಕ್ಟ್ಸ್ ಲೇಬಲ್' ಓದಿಯೇ ಪ್ಲಾನ್ ಹಿಡಿಯಿರಿ. 500, 1,000, 2,000 ಯೂನಿಟ್‌ಗೆ ಸರಾಸರಿ ದರ ಎಷ್ಟು, ಗಾಳಿ-ಬಿಸಿಲಿನ ಪಾಲು ಶೇಕಡಾ ಎಷ್ಟು, ನಡುವೆ ಬಿಟ್ಟರೆ ದಂಡ ಎಷ್ಟು, ಎಲ್ಲ ಅದರಲ್ಲೇ ಇರುತ್ತದೆ.

2018ರಲ್ಲಿ ನಗರದವರೇ ಕರೆಂಟ್ ಕೊಡುವ ಊರಿಗೆ ಬಂದೆವು. ಅಲ್ಲಿಯ ಸ್ಕೀಮ್ ಬೇರೆ ಥರ. ಕಂಪನಿ ಬದಲಾಗುವುದಿಲ್ಲ, ವೈರ್ ಬದಲಾಗುವುದಿಲ್ಲ. ಇಷ್ಟ ಇದ್ದವರು ಹೆಸರು ಹಚ್ಚುವುದು, ಬಿಲ್ಲಿನಲ್ಲಿ ಒಂದು ಸಾಲು ಜಾಸ್ತಿ. ನಮಗೆ ಯೂನಿಟ್‌ಗೆ ಮುಕ್ಕಾಲು ಸೆಂಟ್ ಬೀಳುತ್ತಿತ್ತು. ಬೇರೆ ಕಡೆ 100 ಯೂನಿಟ್‌ನ ಗಂಟು ಮಾಡಿ ಮಾರುವವರೂ ಇದ್ದಾರೆ. ಅವ್ವ ಫೋನಿನಲ್ಲಿ ಕೇಳಿ, "ಗಾಳಿಗೂ ರೊಕ್ಕಾ ಕೊಡ್ತಿ?" ಅಂತ ಬಾಯಿ ಮೇಲೆ ಕೈ ಇಟ್ಟುಕೊಂಡಳು.

ಆ ರೊಕ್ಕ ಏನು ಮಾಡುತ್ತದೆ ಅಂದ್ರೆ, ನಮ್ಮ ಮಠದ ದಾಸೋಹ ನೆನೆಸಿಕೊಳ್ಳಿ. ನೀವು ಒಂದು ಚೀಲ ಜೋಳ ಕೊಟ್ಟಿರಿ. ನಿಮ್ಮ ತಾಟಿಗೆ ಬಿದ್ದ ರೊಟ್ಟಿ ನಿಮ್ಮ ಜೋಳದ್ದೇ ಅಂತ ಹೇಳಲು ಆಗುತ್ತಾ? ಆದರೆ ಉಗ್ರಾಣದಲ್ಲಿ ಅಷ್ಟು ಜೋಳ ಹೆಚ್ಚಾಗಿದ್ದು ನಿಜ, ರಸೀದಿಯೂ ನಿಮ್ಮ ಹೆಸರಲ್ಲಿದೆ. ಎಲ್ಲರ ಕರೆಂಟ್ ಸೇರಿ ಹರಿಯುವ ತಂತಿ ಜಾಲ, ಅಂದ್ರೆ ಗ್ರಿಡ್, ಆ ಉಗ್ರಾಣ. ಗಾಳಿ ಯಂತ್ರ 1,000 ಯೂನಿಟ್ ಹಾಕಿದರೆ ಒಂದು ರಸೀದಿ. ಅದಕ್ಕೆ ರಿನ್ಯೂಯಬಲ್ ಎನರ್ಜಿ ಸರ್ಟಿಫಿಕೇಟ್ ಅನ್ನುತ್ತಾರೆ. ಒಂದೇ ರಸೀದಿ ಇಬ್ಬರಿಗೆ ಮಾರಬಾರದು. ಅದನ್ನು ನೋಡಿಕೊಳ್ಳಲು 'ಗ್ರೀನ್-ಇ' ಅಂತ ಒಂದು ಮುದ್ರೆ ಇದೆ, ಕೇಳಿ ನೋಡಿ. ಯಂತ್ರಗಳು ಎಲ್ಲಿವೆ, ಯಾವಾಗ ಕಟ್ಟಿದ್ದು ಅಂತಲೂ ಕೇಳಿ. ಹಳೇ ಯಂತ್ರದ ಅಗ್ಗದ ರಸೀದಿಗಿಂತ, ನಗರದವರು ಹೊಸ ಯಂತ್ರದ ಜೊತೆ ಹತ್ತು-ಇಪ್ಪತ್ತು ವರ್ಷದ ಕರಾರು ಮಾಡಿಕೊಂಡಿದ್ದರೆ ನಿಮ್ಮ ಸೆಂಟಿಗೆ ಜಾಸ್ತಿ ಕೆಲಸ ಅಂತ ನನ್ನ ಲೆಕ್ಕ. ಕೆಲವೊಮ್ಮೆ ಲಾಭವೂ ಇದೆ. 2000ದ ದಶಕದಲ್ಲಿ ಕರೆಂಟ್ ತಯಾರಿಸುವ ಗ್ಯಾಸಿನ ಬೆಲೆ ಏರಿದಾಗ ಆಸ್ಟಿನ್‌ನಲ್ಲಿ ಗಾಳಿ ಸ್ಕೀಮಿನವರ ದರ ನಿಂತಲ್ಲೇ ನಿಂತಿತ್ತು, ಉಳಿದವರದ್ದು ಮೇಲೇರಿತು. ಗಾಳಿ ಬಂದಾಗ ತೂರಿಕೊಂಡವರು ಅವರೇ.

ನನ್ನ ದೊಡ್ಡ ತಪ್ಪು ಇಲ್ಲಿ ಬೇರೆ. ಸ್ಕೀಮ್ ಹಿಡಿದ ಮೇಲೆ ನನಗೆ ಒಂಥರಾ ಪುಣ್ಯ ಬಂದುಬಿಟ್ಟಿತ್ತು. ಕಾರಿಗೆ ಸ್ಟಿಕರ್. ಯುಗಾದಿ ಊಟಕ್ಕೆ ಬಂದವರಿಗೆಲ್ಲ "ನಮ್ಮ ಮನೆ ಗಾಳಿಯಲ್ಲೇ ನಡೀತದೆ" ಅನ್ನುವ ಭಾಷಣ. ಗಾಳಿಯದ್ದೇ ಅಲ್ವಾ ಅಂತ ಎಸಿ ಹಗಲೆಲ್ಲ ಓಡುತ್ತಿತ್ತು. ಆಗಸ್ಟ್‌ನಲ್ಲಿ 1,900 ಯೂನಿಟ್. ಇಲ್ಲಿ ಗೃಹಜ್ಯೋತಿಯ ಮಿತಿಯೇ 200, ಅಪ್ಪನಿಗೆ ಅದರ ಅರ್ಧವೂ ಬೇಕಾಗುವುದಿಲ್ಲ. ಅಪ್ಪ ಬಂದಿದ್ದಾಗ ನಮ್ಮ ಹಿಂದೆ ಹಿಂದೆ ಲೈಟ್ ಆರಿಸುತ್ತ ಬರುತ್ತಿದ್ದರು. ನನಗೆ ನಾಚಿಕೆ ಅನ್ನಿಸುತ್ತಿತ್ತು, ಅವರ ಬಗ್ಗೆ. ಆ ಆರಿಸುವ ಚಟವನ್ನು ಊರಿಂದ ಜೊತೆಗೇ ತನ್ನಿ. ತೂಕ ಇಲ್ಲ.

ಮಗಳಿಗೂ ಒಂದು ಸುಳ್ಳು ಹೇಳಿದ್ದೆ. ಪಶ್ಚಿಮ ಟೆಕ್ಸಾಸ್‌ನ ಸ್ವೀಟ್‌ವಾಟರ್ ಊರು ದಾಟಿ ಹೋಗುವಾಗ ಕಣ್ಣು ಹಾಯುವಷ್ಟು ದೂರ ಬಿಳಿ ಯಂತ್ರಗಳು. "ಅದರಲ್ಲಿ ನಮ್ಮದು ಯಾವುದು?" ಅಂದಳು. ಸುಮ್ನೆ ಒಂದನ್ನು ತೋರಿಸಿ "ಆ ಮೂರನೇದು" ಅಂದೆ. 2021ರ ಫೆಬ್ರವರಿ ಚಳಿಗೆ ಟೆಕ್ಸಾಸ್‌ನಲ್ಲಿ 45 ಲಕ್ಷ ಮನೆಗಳ ಕರೆಂಟ್ ಹೋಯಿತಲ್ಲ, ನಮ್ಮದೂ ಹೋಯಿತು. ಎರಡು ದಿನ. ಇದ್ದ ಸ್ವೆಟರ್ ಎಲ್ಲ ಹಾಕಿಕೊಂಡು, ಅವ್ವ ಕೊಟ್ಟ ಕೌದಿಯೊಳಗೆ ಮೂವರೂ ಕೂತಿದ್ದೆವು. "ನಮ್ಮ ಫ್ಯಾನ್ ಬಿದ್ದುಹೋಯ್ತಾ?" ಅಂತ ಅವಳು ಅಳು. ಕೆಲವು ಗಾಳಿ ಯಂತ್ರಗಳಿಗೆ ಮಂಜು ಹಿಡಿದದ್ದು ನಿಜ, ಆದರೆ ಹೆಚ್ಚು ಕೈಕೊಟ್ಟದ್ದು ಗ್ಯಾಸ್. ಇನ್ನು 4 ನಿಮಿಷ 37 ಸೆಕೆಂಡ್ ಹಾಗೇ ಹೋಗಿದ್ದರೆ ಇಡೀ ಗ್ರಿಡ್ಡೇ ಬೀಳುತ್ತಿತ್ತಂತೆ. ಐದು ವರ್ಷದ ಕೂಸಿಗೆ ಇದನ್ನೆಲ್ಲ ಹೇಗೆ ಹೇಳುವುದು? ಅಪ್ಪನ ಫೋನ್ ಬಂತು. "ನಮ್ಮಲ್ಲಿ ಲೈಟ್ ಅದಾವು. ಅಮೆರಿಕಾದಾಗ ಇಲ್ಲೇನು?" ದನಿಯಲ್ಲಿ ಸ್ವಲ್ಪ ಖುಷಿ ಇತ್ತು ಅಂತ ನನ್ನ ಅನುಮಾನ.

ನಮ್ಮ ಕಾಲಕ್ಕೆ ಗಾಳಿ ಬಿಲ್ಲಿನ ಸಾಲಾಗಿರಲಿಲ್ಲ. ಬೇಸಿಗೆ ರಾತ್ರಿ ಮಾಳಿಗೆ ಮೇಲೆ ಹಾಸಿಗೆ. ಕಣದಲ್ಲಿ ಅಜ್ಜ ಮೊರ ಎತ್ತಿ ಹಿಡಿದು, ಗಾಳಿ ಬರಲಿ ಅಂತ ಕಾಯುತ್ತಿದ್ದದ್ದು. ಬಂತು ಅನ್ನುವಷ್ಟರಲ್ಲಿ ಹೊಟ್ಟು ಆ ಕಡೆ, ಜೋಳ ಕಾಲ ಬುಡಕ್ಕೆ. ಮಗಳಿಗೆ 'ತೂರುವುದು' ಅನ್ನುವ ಮಾತು ಕಲಿಸಲು ನನ್ನ ಹತ್ತಿರ ಮೊರವೂ ಇಲ್ಲ, ಜೋಳವೂ ಇಲ್ಲ. ಮೊನ್ನೆ ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೋಗುವಾಗ ಅಲ್ಲಿಯೂ ಯಂತ್ರಗಳು ಕಂಡವು. ಮಗಳು ನನ್ನ ಅಪ್ಪನನ್ನು ಕೇಳಿದಳು: "ಇದರಲ್ಲಿ ನಿಮ್ಮದು ಯಾವುದು?" ಅಪ್ಪನಿಗೆ ಅರ್ಥ ಆಗಲಿಲ್ಲ. ನಾನು ಬಿಡಿಸಿ ಹೇಳಿದೆ. "ನಮ್ಮದು ಇಲ್ಲಿಲ್ಲವಾ. ಕೂಡಗಿಯಾಗ ಐತಿ, ಕಲ್ಲಿದ್ದಲದ್ದು, 2,400 ಮೆಗಾವ್ಯಾಟ್" ಅಂದರು.

ಒಂದು ಮಾತು ಬಿಟ್ಟೆ. ಮನೆ ಬದಲಾಯಿಸಿದರೆ ಸ್ಕೀಮ್ ತಾನಾಗಿ ಹಿಂದೆ ಬರುತ್ತದೆ ಅಂದುಕೊಳ್ಳಬೇಡಿ, ಕೇಳಿಕೊಳ್ಳಿ. ನಾವು 2022ರಲ್ಲಿ ಅದೇ ಊರಲ್ಲಿ ಸ್ವಂತ ಮನೆಗೆ ಹೋದಾಗ ನಾನು ಕೇಳಲೇ ಇಲ್ಲ. ಎಂಟು ತಿಂಗಳು ಸ್ಟಿಕರ್ ಕಾರಿನ ಮೇಲಿತ್ತು, ಬಿಲ್ಲಿನಲ್ಲಿ ಸಾಲು ಇರಲಿಲ್ಲ. ಕಂಡುಹಿಡಿದದ್ದು ಮಗಳು. ಓದಲು ಕಲಿತ ಹೊಸತು, ಕೈಗೆ ಸಿಕ್ಕಿದ್ದೆಲ್ಲ ಓದುತ್ತಿದ್ದಳು. ಬಿಲ್ ಹಿಡಿದು ಬಂದು, "ಅವ್ವಾ, ಗಾಳಿ ಎಲ್ಲಿ?" ಅಂದಳು.