"ಎಲ್ಲಿ ಕೂತಿದ್ರಿ?": ಡ್ರಮ್ ಕೋರ್ ಶೋಗಳ ಬಗ್ಗೆ ಬರೆಯೋಕೆ ನಾನು ಕಲಿತ ಬಗೆ

ಮೂರು ವರ್ಷದ ಹಿಂದಿನ ಮಾತು. ಪೆನ್ಸಿಲ್ವೇನಿಯಾದ ಅಲೆನ್‌ಟೌನ್‌ನಲ್ಲಿ ಬೇಸಿಗೆ ಶೋ ನೋಡ್ಕೊಂಡು ಮನೆಗೆ ಬಂದು, ರಾತ್ರಿ ಎರಡು ಗಂಟೆವರೆಗೂ ಕೂತು ಒಂದು ಕೋರ್ (ಮೈದಾನದಲ್ಲಿ ಓಡಾಡ್ತಾ ಬಾರಿಸೋ ಸ್ಪರ್ಧೆಯ ಬ್ಯಾಂಡು ಅನ್ನಿ) ಬಗ್ಗೆ ಒಂದೂವರೆ ಪುಟ ಬರೆದಿದ್ದೆ. ಸ್ನೇರ್ ಡ್ರಮ್ಮಿನವರಿಗೂ ಟ್ರಂಪೆಟ್‌ನವರಿಗೂ ಲಯ ಕೂಡ್ತಾನೇ ಇಲ್ಲ, ಕೊನೆ ಭಾಗದಲ್ಲಂತೂ ಎರಡು ಬೇರೆ ಬೇರೆ ಗುಂಪು ಬಾರಿಸಿದ ಹಾಗಿತ್ತು, ಇಷ್ಟು ದೊಡ್ಡ ಹೆಸರಿನವರಿಗೆ ಇದು ಶೋಭೆ ಅಲ್ಲ, ಹೀಗೆಲ್ಲ. ಬೆಳಿಗ್ಗೆ ಅದನ್ನ ಮಗಳ ಸ್ಕೂಲ್ ಬ್ಯಾಂಡಿನ ಡ್ರಮ್ ಮೇಷ್ಟ್ರಿಗೆ ಕಳಿಸಿದೆ, ಅವರು ಇನ್ನೂ ಮೂವತ್ತು ದಾಟದ ಹುಡುಗ, ಆದ್ರೆ ಮೂರು ಬೇಸಿಗೆ ಸ್ನೇರ್ ಹೊತ್ಕೊಂಡು ಕೋರ್ ಮಾಡಿ ಬಂದವರು. ಹೊಗಳ್ತಾರೆ ಅಂತ ಕಾಯ್ತಾ ಕೂತಿದ್ರೆ ಬಂದಿದ್ದು ಒಂದೇ ಸಾಲು: "ಸರ್, ನೀವು ಎಲ್ಲಿ ಕೂತಿದ್ರಿ?"

ಆ ಪ್ರಶ್ನೆ ಅರ್ಥ ಆಗೋಕೆ ನನಗೆ ಒಂದೂವರೆ ತಿಂಗಳು ಬೇಕಾಯ್ತು, ಅದನ್ನ ಆಮೇಲೆ ಹೇಳ್ತೀನಿ.

ನಾನು ಜಡ್ಜ್ ಅಲ್ಲ. ಶಿವಮೊಗ್ಗದಲ್ಲಿ ಚಿಕ್ಕವನಿದ್ದಾಗ ಏಳೆಂಟು ವರ್ಷ ಮೃದಂಗ ಕಲಿತಿದ್ದೆ, ಇಂಜಿನಿಯರಿಂಗ್ ಸೇರಿದ ಮೇಲೆ ಬಿಟ್ಟೆ, ಈಗ ನ್ಯೂಜೆರ್ಸಿಯಲ್ಲಿ ಕೆಲಸ. ಮಗಳು ಹೈಸ್ಕೂಲ್ ಮಾರ್ಚಿಂಗ್ ಬ್ಯಾಂಡಲ್ಲಿ ಮರಿಂಬಾ (ಮರದ ಪಟ್ಟಿಗಳನ್ನ ಕೋಲಲ್ಲಿ ಬಾರಿಸೋ ವಾದ್ಯ) ಬಾರಿಸ್ತಾಳೆ, ಅವಳ ದೆಸೆಯಿಂದ ನನಗೆ ಈ ಹುಚ್ಚು ಹತ್ತಿದ್ದು. ಊರಲ್ಲಿರೋರಿಗೆ ಫೋನಲ್ಲಿ ವಿವರಿಸೋದು ಕಷ್ಟ ಕಣ್ರೀ, ಪೊಲೀಸ್ ಬ್ಯಾಂಡಾ ಅಂತಾರೆ. ಬ್ಯಾಂಡೂ ಹೌದು, ಕವಾಯತೂ ಹೌದು, ಅರ್ಧ ನಾಟಕಾನೂ ಹೌದು. 150ಕ್ಕೂ ಹೆಚ್ಚು ಹುಡುಗ ಹುಡುಗೀರು, 22 ದಾಟಿರಬಾರದು, ಬರೀ ಬ್ರಾಸ್, ಅಂದ್ರೆ ಟ್ರಂಪೆಟ್ ಥರದ ಹಿತ್ತಾಳೆ ಊದುವಾದ್ಯ, ಮತ್ತು ತಾಳವಾದ್ಯ (ಕ್ಲಾರಿನೆಟ್ಟು ಕೊಳಲು ಯಾವುದೂ ಇಲ್ಲ), ಜೊತೆಗೆ ಬಾವುಟ, ಕತ್ತಿ, ಮರದ ರೈಫಲ್ ಎಸೆದು ಹಿಡಿಯೋ ಕಲರ್ ಗಾರ್ಡ್. ಅಮೆರಿಕನ್ ಫುಟ್‌ಬಾಲ್ ಮೈದಾನದ ತುಂಬ ಓಡ್ತಾ ಹನ್ನೆರಡು ನಿಮಿಷದೊಳಗೆ ಒಂದು ಶೋ. ಹೊತ್ತ ವಾದ್ಯ ಬಾರಿಸ್ತಾನೇ ಕುಣಿಯೋದು ಡೊಳ್ಳು ಕುಣಿತ ನೋಡಿದ ನಮಗೆ ಹೊಸದೇನಲ್ಲ, ಆದ್ರೆ ಇಲ್ಲಿ ಪ್ರತಿಯೊಬ್ಬರಿಗೂ ಪ್ರತಿ ಹೆಜ್ಜೆಗೂ ನೆಲದ ಮೇಲೆ ಗುರುತು ಮಾಡಿಕೊಟ್ಟ ಜಾಗ ಇರುತ್ತೆ, ಐದು ಗಜಕ್ಕೆ ಎಂಟು ಹೆಜ್ಜೆ ಅಂದ್ರೆ ಎಂಟೇ, ಒಬ್ಬ ಅರ್ಧ ಹೆಜ್ಜೆ ತಪ್ಪಿದ್ರೆ ಮೇಲಿಂದ ನೋಡೋರಿಗೆ ಇಡೀ ಸಾಲಲ್ಲಿ ಸೊಟ್ಟ ಕಾಣುತ್ತೆ. ಜೂನ್‌ನಿಂದ ಆಗಸ್ಟ್‌ವರೆಗೆ ರಾತ್ರಿ ಬಸ್ಸಲ್ಲಿ ನಿದ್ದೆ, ಸ್ಕೂಲ್ ಜಿಮ್ ನೆಲದ ಮೇಲೆ ನಿದ್ದೆ, ಹಗಲೆಲ್ಲ ಬಿಸಿಲಲ್ಲಿ ಪ್ರಾಕ್ಟೀಸ್. ಇದನ್ನೆಲ್ಲ ನಡೆಸೋ ಡಿಸಿಐ, ಅಂದ್ರೆ ಡ್ರಮ್ ಕೋರ್ ಇಂಟರ್‌ನ್ಯಾಷನಲ್, ಮೊದಲ ಚಾಂಪಿಯನ್‌ಶಿಪ್ ಮಾಡಿದ್ದು 1972ರಲ್ಲಿ, ವಿಸ್ಕಾನ್ಸಿನ್‌ನ ವೈಟ್‌ವಾಟರ್ ಅನ್ನೋ ಊರಲ್ಲಿ. 2009ರಿಂದ ಫೈನಲ್ಸ್ ಇಂಡಿಯಾನಾಪೊಲಿಸ್‌ನ ಲ್ಯೂಕಸ್ ಆಯಿಲ್ ಸ್ಟೇಡಿಯಂಗೆ ಬಂತು. (ಇಂಗ್ಲಿಷಲ್ಲಿ ಬರೆಯೋದು ಕಾರ್ಪ್ಸ್, ಓದೋದು ಕೋರ್. ಮೊದಲ ದಿನ ಆಫೀಸಲ್ಲಿ ಬರೆದ ಹಾಗೇ ಓದಿದೆ, ಹೆಣದ ಡ್ರಮ್ಮು ಅಂದ ಹಾಗಾಗಿ ಎಲ್ಲ ನಕ್ಕರು.)

ಸರಿ, ಮೊದಲ ವರ್ಷ ನಾನು ಹೇಗೆ ಬರೀತಿದ್ದೆ ಅಂದ್ರೆ, ತಪ್ಪು ಎಣಿಸ್ತಿದ್ದೆ. ಅಷ್ಟೇ. ನೋಟ್‌ಬುಕ್ಕಲ್ಲಿ ಒಂದೊಂದು ಕೋರ್‌ಗೆ ಒಂದೊಂದು ಪುಟ, ರೈಫಲ್ ಬಿತ್ತು, ಎಡಗಡೆ ಸಾಲು ಸೊಟ್ಟ, ಟ್ರಂಪೆಟ್ ಸ್ವರ ಒಡೀತು, ಹೀಗೆ ಪಟ್ಟಿ. ನಮ್ಮ ಮೃದಂಗದ ಮೇಷ್ಟ್ರು ತೊಡೆ ಮೇಲೆ ತಾಳ ಹಾಕ್ತಾ ತಪ್ಪಿದಾಗ ಮಾತ್ರ ಕಣ್ಣು ಬಿಡ್ತಿದ್ರು, ಸರಿಯಾಗಿ ಬಾರಿಸಿದ್ರೆ ಕಣ್ಣು ಮುಚ್ಚೇ ಇರ್ತಿತ್ತು, ಅದೇ ಅಭ್ಯಾಸ ನನಗೂ ಬಂದಿತ್ತು ಅನ್ಸುತ್ತೆ. ಆಮೇಲೆ ಗೊತ್ತಾಯ್ತು, ಹಿಂದೆ ಇಲ್ಲಿ ಜಡ್ಜ್‌ಗಳೂ ಹೀಗೇ ಮಾಡ್ತಿದ್ರಂತೆ. ಟಿಕ್ ಸಿಸ್ಟಂ ಅಂತ, ಮೈದಾನದಲ್ಲಿ ಹುಡುಗರ ಮಧ್ಯೆನೇ ಓಡಾಡ್ತಾ ಒಂದು ತಪ್ಪಿಗೆ 0.1 ಅಂಕ ಕಡೀತಿದ್ರು. 1984ರಲ್ಲಿ ಅದನ್ನ ತೆಗೆದುಹಾಕಿದ್ರು. ಯೋಚನೆ ಮಾಡಿದ್ರೆ ಸರಿನೇ, ತಪ್ಪಿಗೆ ಮಾತ್ರ ಲೆಕ್ಕ ಅಂದ್ರೆ ಕಷ್ಟದ್ದು ಯಾರು ಹಾಕ್ಕೋತಾರೆ, ಸುಲಭದ್ದನ್ನೇ ಉಜ್ಜಿ ಉಜ್ಜಿ ತಂದು ನಿಲ್ಲಿಸ್ತಾರೆ. ನಾನು 1984ಕ್ಕಿಂತ ಹಿಂದಿನ ಜಡ್ಜ್ ಆಗಿದ್ದೆ ಅನ್ನಿ, ಅದೂ ಯಾರೂ ಕರೀದೇ ಇದ್ದರೂ.

ಈಗಿನ ಪದ್ಧತಿ ತಿಳ್ಕೊಂಡ ಮೇಲೆ ನನ್ನ ಪುಟಾನೇ ಬದಲಾಯ್ತು. ಒಟ್ಟು 100ರಲ್ಲಿ ಜನರಲ್ ಎಫೆಕ್ಟ್‌ಗೆ, ಅಂದ್ರೆ ಇಡೀ ಶೋ ನೋಡೋರ ಮೇಲೆ ಮಾಡೋ ಪರಿಣಾಮಕ್ಕೆ, 40, ದೃಶ್ಯಕ್ಕೆ 30, ಸಂಗೀತಕ್ಕೆ 30. ಸಂಗೀತದಲ್ಲಿ ಬ್ರಾಸ್‌ಗೆ ಒಬ್ಬರು ಜಡ್ಜು, ಪರ್ಕಷನ್‌ಗೆ ಅಂದ್ರೆ ತಾಳವಾದ್ಯಕ್ಕೆ ಒಬ್ಬರು, ಎಲ್ಲ ಸೇರಿ ಹೇಗಿದೆ ಅಂತ ಇನ್ನೊಬ್ಬರು, ಒಬ್ಬೊಬ್ಬರದು 20, ಕೂಡಿಸಿ ಅರ್ಧ ಮಾಡೋದು. ದೃಶ್ಯದಲ್ಲೂ ಹಾಗೇ. ಆದ್ರೆ ನನಗೆ ನಿಜವಾಗಿ ಉಪಯೋಗಕ್ಕೆ ಬಂದಿದ್ದು ಈ ಲೆಕ್ಕ ಅಲ್ಲ. ಪ್ರತಿ ಜಡ್ಜೂ ತನ್ನ ಶೀಟಲ್ಲಿ ಎರಡು ಭಾಗ ಮಾಡ್ತಾರೆ, ಏನನ್ನ ಮಾಡೋಕೆ ಹೊರಟಿದಾರೆ ಅನ್ನೋದು ಒಂದು, ಅದನ್ನ ಹೇಗೆ ಮಾಡಿದ್ರು ಅನ್ನೋದು ಇನ್ನೊಂದು. ಇದನ್ನ ಓದಿದ ದಿನ ನೋಟ್‌ಬುಕ್ ಪುಟದ ಮಧ್ಯೆ ಉದ್ದಕ್ಕೆ ಗೆರೆ ಎಳೆದೆ, ಎಡಗಡೆ "ಏನು" ಬಲಗಡೆ "ಹೇಗೆ". ಹಳೇ ಪುಟಗಳನ್ನ ತಿರುವಿ ನೋಡಿದ್ರೆ ಎಡಗಡೆಗೆ ಬರೆಯೋಕೆ ಒಂದು ಪದಾನೂ ಇರಲಿಲ್ಲ, ಒಂದೂವರೆ ಪುಟ ಬರೆದಿದ್ದೀನಿ, ಶೋ ಯಾತರ ಬಗ್ಗೆ ಅಂತನೇ ಬರೆದಿಲ್ಲ!

ಗೆರೆ ಎಳೆದ ಮೇಲೂ ಕಷ್ಟ ತಪ್ಪಲಿಲ್ಲ. ಹನ್ನೆರಡು ನಿಮಿಷ, ನೂರೈವತ್ತು ಜನ, ಎರಡೇ ಕಣ್ಣು. ಬರೆಯೋಕೆ ತಲೆ ಬಗ್ಗಿಸಿದ್ರೆ ಅಷ್ಟರಲ್ಲಿ ಕಲರ್ ಗಾರ್ಡ್ ಡ್ರೆಸ್ಸೇ ಬದಲಾಗಿರುತ್ತೆ. ಈಗ ಶೋ ನಡೀವಾಗ ವಾಕ್ಯ ಬರೆಯೋದೇ ಇಲ್ಲ. ಪುಟದ ಮೇಲಿಂದ ಕೆಳಗೆ 1ರಿಂದ 12ರವರೆಗೆ ನಿಮಿಷ ಬರ್ಕೊಂಡಿರ್ತೀನಿ, ಕೈಗಡಿಯಾರ ಎದುರಿಗೆ, ಏನಾದ್ರೂ ಮೈ ಜುಂ ಅಂದ್ರೆ ಆ ನಿಮಿಷದ ಎದುರು ಒಂದು ಚುಕ್ಕಿ, ಬೇಜಾರಾದ್ರೆ ಒಂದು ಅಡ್ಡಗೆರೆ. ಯಾಕೆ ಅಂತ ಆಗ ಕೇಳ್ಕೊಳ್ಳಲ್ಲ. ಶೋ ಮುಗಿದು ಮುಂದಿನ ಕೋರ್ ಮೈದಾನಕ್ಕೆ ಮರಿಂಬಾ ತಳ್ಕೊಂಡು ಬರೋಷ್ಟರಲ್ಲಿ ನಾಲ್ಕೈದು ನಿಮಿಷ ಸಿಗುತ್ತೆ, ಆ ಚುಕ್ಕಿಗಳ ಪಕ್ಕ ಕಾರಣ ಬರೆಯೋದು ಆಗ. ಎಷ್ಟೋ ಸಲ ಕಾರಣ ನೆನಪಾಗೋದೇ ಇಲ್ಲ, ಅದೂ ಒಂದು ಮಾಹಿತಿನೇ, ಹಾಗೇ ಬಿಟ್ಟುಬಿಡ್ತೀನಿ. ಒಂದು ಸಲ ಒಂದು ಕೋರ್‌ನ ಪುಟದಲ್ಲಿ ಏಳನೇ ನಿಮಿಷದಿಂದ ಹತ್ತರವರೆಗೆ ಏನೂ ಇರಲಿಲ್ಲ, ಚುಕ್ಕಿನೂ ಇಲ್ಲ ಗೆರೆನೂ ಇಲ್ಲ. ಯಾರೂ ತಪ್ಪು ಮಾಡಿರಲಿಲ್ಲ, ಎಲ್ಲ ಕ್ಲೀನಾಗೇ ಇತ್ತು, ಆದ್ರೆ ನಿಧಾನದ ಹಾಡು ಮುಗಿದ ಮೇಲೆ ಮತ್ತೆ ಏಳೋಕೆ ಶೋಗೆ ಕಾರಣನೇ ಇರಲಿಲ್ಲ. ಟಿಕ್ ಹಾಕೋ ಕಾಲದ ನಾನಾಗಿದ್ರೆ ಆ ಮೂರು ನಿಮಿಷಕ್ಕೆ ಪೂರ್ತಿ ಅಂಕ ಕೊಡ್ತಿದ್ದೆ.

ಮೃದಂಗ ಕಲಿತಿದ್ದು ಉಪಕಾರನೂ ಮಾಡ್ತು, ಉಪದ್ರವನೂ ಮಾಡ್ತು. ಸ್ನೇರ್ ಲೈನ್ ಕೇಳೋಕೆ ಮಜಾ, ಎಂಟ್ಹತ್ತು ಜನ ಬಾರಿಸಿದ್ರೂ ಒಂದೇ ಡ್ರಮ್ ಕೇಳಿಸ್ಬೇಕು, ಕೋಲು ಎಷ್ಟು ಎತ್ತರ ಏಳ್ಬೇಕು ಅನ್ನೋದು ಸಮೇತ ಎಲ್ಲರದೂ ಒಂದೇ. ನಾಲ್ಕರ ಮೇಲೆ ಐದು, ನಾಲ್ಕರ ಮೇಲೆ ಏಳು ಬಂದ್ರೆ ನನ್ನ ಬಾಯಲ್ಲಿ ತಾನಾಗೇ ತಕತಕಿಟ, ತಕಿಟತಕಧಿಮಿ ಬರುತ್ತೆ, ಓಹೋ ಖಂಡ ನಡೆ, ಓಹೋ ಮಿಶ್ರ ಅಂತ ಖುಷಿಯಾಗಿ ಎರಡು ಚುಕ್ಕಿ ಜಾಸ್ತಿ ಇಟ್ಟುಬಿಡ್ತಿದ್ದೆ. ಮಗಳೇ ಹಿಡಿದಿದ್ದು ಇದನ್ನ. "ಅಪ್ಪಾ, ನೀನು ಲೆಕ್ಕ ಕೇಳ್ತಿದ್ದೀಯ, ಮ್ಯೂಸಿಕ್ ಕೇಳ್ತಿಲ್ಲ. ಅಲ್ಲಿ ಟ್ಯೂಬಾ (ಮಂದ್ರ ಸ್ವರದ ದೊಡ್ಡ ಬ್ರಾಸ್ ವಾದ್ಯ) ಮೆಲೊಡಿ ಹಿಡಿದಿತ್ತು, ಡ್ರಮ್ ಅದನ್ನ ಮುಚ್ಚಿಬಿಡ್ತು, ನಿನಗೆ ಕೇಳಿಸ್ಲೇ ಇಲ್ವಾ?" ಕೇಳಿಸಿರಲಿಲ್ಲ. ಕಛೇರಿಯಲ್ಲಿ ಹಾಡುಗಾರರ ಮೇಲೆ ಏರಿ ಬಾರಿಸೋ ಪಕ್ಕವಾದ್ಯದವರನ್ನ ಕಂಡ್ರೆ ನನಗಾಗಲ್ಲ, ಅದೇ ತಪ್ಪಿಗೆ ಇಲ್ಲಿ ಚಪ್ಪಾಳೆ ಹೊಡೀತಿದ್ದೆ. ಟ್ಯೂಬಾ ಅಂದಿದ್ದಕ್ಕೆ ಇನ್ನೊಂದು ಮಾತು, 2004ರಲ್ಲಿ ಮೈಕು 2009ರಲ್ಲಿ ಸಿಂಥಸೈಜರ್ ಬಂದ ಮೇಲೆ ಕೆಲವು ಶೋಗಳಲ್ಲಿ ಸ್ಪೀಕರಿನ ಆ ಗುಂಯ್ ಅನ್ನೋ ಮಂದ್ರ ಸ್ವರ ಹದಿನೈದು ಟ್ಯೂಬಾಗಳನ್ನ ನುಂಗಿ ಹಾಕುತ್ತೆ, ನನಗೆ ಸಿಟ್ಟು ಬರೋದು ಅದಕ್ಕೆ, ಹುಡುಗರು ಬಿಸಿಲಲ್ಲಿ ಬೆವರು ಸುರಿಸಿ ಊದಿದ್ದು ಕೇಳೋಣ ಅಂತ ಬಂದಿರೋದು ನಾವು.

ಈಗ ಆ "ಎಲ್ಲಿ ಕೂತಿದ್ರಿ"ಗೆ ಬರ್ತೀನಿ. ಅಲೆನ್‌ಟೌನಲ್ಲಿ ಟಿಕೆಟ್ ತಡವಾಗಿ ತಗೊಂಡಿದ್ದೆ, ಪಕ್ಕದಲ್ಲಿ, ಹತ್ತು ಗಜದ ಗೆರೆ ಎದುರು (50ರ ಗೆರೆ ಅಂದ್ರೆ ಮೈದಾನದ ನಡುಮಧ್ಯ), ಕೆಳಗಿನ ಸಾಲು. ಮೇಷ್ಟ್ರಿಗೆ ಅದನ್ನೇ ಹೇಳಿದೆ. "ಸೆಪ್ಟೆಂಬರಲ್ಲಿ ನಮ್ಮ ಪ್ರಾಕ್ಟೀಸಿಗೆ ಬನ್ನಿ" ಅಂದ್ರು, ಬೇರೇನೂ ಹೇಳಲಿಲ್ಲ. ಹೋದೆ. ಸ್ಕೂಲ್ ಬ್ಯಾಂಡು ಎಂಟು ಬಾರ್‌ನ (ನಮ್ಮ ಆವರ್ತ ಇದ್ದ ಹಾಗೆ) ಒಂದು ತುಣುಕನ್ನ ಮತ್ತೆ ಮತ್ತೆ ಬಾರಿಸ್ತಿತ್ತು, ಹುಡುಗರು ಮೈದಾನದ ಅಗಲಕ್ಕೂ ಹರಡಿಕೊಂಡಿದ್ರು. ನನ್ನನ್ನ 50 ಗಜದ ಗೆರೆ ಎದುರು ಸ್ಟ್ಯಾಂಡಿನ ಮೇಲಿನ ಸಾಲಲ್ಲಿ ನಿಲ್ಲಿಸಿ, ಒಂದೊಂದು ಸಲ ಬಾರಿಸಿದಾಗ್ಲೂ ಒಂದಷ್ಟು ಪಕ್ಕಕ್ಕೆ, ಒಂದಷ್ಟು ಕೆಳಕ್ಕೆ ಬನ್ನಿ ಅಂದ್ರು. ಮೇಲೆ ಮಧ್ಯದಲ್ಲಿ ಎಲ್ಲ ಒಟ್ಟಿಗೆ ಇತ್ತು. 40ಕ್ಕೆ ಬಂದಾಗ ಅಂಚು ಸ್ವಲ್ಪ ಮಸುಕಾಯ್ತು. 20ಕ್ಕೆ ಬರೋಷ್ಟರಲ್ಲಿ ಬಟ್ಟೆ ಹರಿದ ಹಾಗೆ, ಅದೇ ಹುಡುಗರು, ಅದೇ ಎಂಟು ಬಾರ್, ಡ್ರಮ್ ಒಂದು ಕಡೆ ಟ್ರಂಪೆಟ್ ಒಂದು ಕಡೆ. ನಾನು ರಾತ್ರಿ ಎರಡು ಗಂಟೆವರೆಗೆ ಕೂತು ಬೈದಿದ್ದೆನಲ್ಲ, ಅದೇ.

ಲೆಕ್ಕ ಆಮೇಲೆ ನಾನೇ ಹಾಕಿದೆ, ಇಂಜಿನಿಯರ್ ಬುದ್ಧಿ. ಶಬ್ದ ಸೆಕೆಂಡಿಗೆ ಸುಮಾರು 1,125 ಅಡಿ ಹೋಗುತ್ತೆ. ಪಕ್ಕದಲ್ಲಿ ಕೂತ ನನಗೂ ಹತ್ತಿರದವರಿಗೂ ಇರೋ ದೂರಕ್ಕಿಂತ ಆ ಕೊನೆಯವರು 50 ಗಜ ಜಾಸ್ತಿ ದೂರ ಇದ್ರೆ 150 ಅಡಿ, ಅಂದ್ರೆ 0.13 ಸೆಕೆಂಡ್ ತಡ. ಟೆಂಪೋ ನಿಮಿಷಕ್ಕೆ 180 ಬೀಟು ಅಂದ್ಕೊಳ್ಳಿ, ಒಂದು ಬೀಟಿಗೆ 0.33 ಸೆಕೆಂಡ್, ಅದರಲ್ಲಿ ತಕಧಿಮಿ ಹೇಳಿದ್ರೆ ಒಂದೊಂದು ಅಕ್ಷರಕ್ಕೆ 0.083. ಒಂದೂವರೆ ಅಕ್ಷರ ಆಚೀಚೆ! ಮೃದಂಗದಲ್ಲಿ ಅಷ್ಟು ತಪ್ಪಿದ್ರೆ ಎದ್ದು ಹೋಗು ಅಂತಾರೆ. ಮೈದಾನದ ಹಿಂದಿನ ಗೆರೆಯಿಂದ ಮುಂದಿನ ಗೆರೆಗೂ 160 ಅಡಿ, ಅಲ್ಲೂ ಇಷ್ಟೇ ತಡ, ಅದಕ್ಕೇ ಮುಂದಿರೋ ಪಿಟ್‌ನವರು, ಅಂದ್ರೆ ಮರಿಂಬಾದವರು, ಕಂಡಕ್ಟರ್ ಕೈ ನೋಡಿ ಬಾರಿಸದೆ ಹಿಂದಿನಿಂದ ಬರೋ ಡ್ರಮ್ ಶಬ್ದ ಕಿವಿಗೆ ಬಿದ್ದಾಗ ಅದರ ಜೊತೆ ಕೂಡ್ಕೋಬೇಕು. ಎಲ್ಲ ಸೇರಿ ಒಂದಾಗೋದು ಮುಂದೆ ಮಧ್ಯದಲ್ಲಿ ಮೇಲೆ ಕೂತವರ ಕಿವಿಗೆ, ಹೆಚ್ಚಿನ ಜಡ್ಜ್‌ಗಳು ಇರೋದೂ ಅಲ್ಲೇ. ಮಗಳು ವರ್ಷಗಟ್ಟಲೆ "ಲಿಸನ್ ಬ್ಯಾಕ್, ಲಿಸನ್ ಬ್ಯಾಕ್" ಅಂತ ಗೊಣಗ್ತಾ ಪ್ರಾಕ್ಟೀಸ್ ಮಾಡ್ತಿದ್ದಿದ್ದು ಯಾಕೆ ಅಂತ ಅವತ್ತು ಗೊತ್ತಾಯ್ತು.

ಆ ಒಂದೂವರೆ ಪುಟ ವಾಪಸ್ ತಗೊಂಡೆ. ಬ್ಯಾಂಡ್ ಪೋಷಕರ ಗುಂಪಲ್ಲಿ ಅದನ್ನ ಹಾಕಿ ಆಗಿತ್ತು, ಹಾಗಾಗಿ ತಪ್ಪೊಪ್ಪಿಗೆನೂ ಅಲ್ಲೇ ಬರೆದೆ. ಈಗ ಪ್ರತಿ ಪುಟದ ಮೇಲೆ ಮೊದಲ ಸಾಲು ಯಾವ ಗೆರೆ, ಎಷ್ಟನೇ ಸಾಲು, ಗಾಳಿ ಇತ್ತಾ ಅನ್ನೋದು. ಪಕ್ಕದ ಸೀಟ್ ಸಿಕ್ಕಿದ್ರೆ ಲಯದ ಬಗ್ಗೆ ಬಾಯಿ ಬಿಡಲ್ಲ, ಕಲರ್ ಗಾರ್ಡ್ ನೋಡ್ತೀನಿ, ಮುಖ ಕಾಣುತ್ತೆ, ಪಾದ ಕಾಣುತ್ತೆ, ಟ್ರಂಬೋನ್ ಹುಡುಗ ಉಸಿರು ಎಲ್ಲಿ ಎಳ್ಕೋತಾನೆ ಅಂತಾನೂ ಕಾಣುತ್ತೆ. ಮೇಲಿನ ಸೀಟಾದ್ರೆ ಡ್ರಿಲ್, ಆಕಾರಗಳು, ಒಟ್ಟು ಶಬ್ದ.

ತಾರೀಕೂ ಬರೀತೀನಿ. ಜೂನ್‌ನಲ್ಲಿ ಎಷ್ಟೋ ಶೋಗಳ ಕೊನೆ ಭಾಗ ಇನ್ನೂ ಸರಿಯಾಗಿ ಕೂತಿರಲ್ಲ, ಜುಲೈನಲ್ಲೂ ಬದಲಾಯಿಸ್ತಾನೇ ಇರ್ತಾರೆ, ಆಗ 70ರ ಆಸುಪಾಸು ಇದ್ದ ಸ್ಕೋರ್ ಆಗಸ್ಟ್‌ಗೆ 90 ದಾಟುತ್ತೆ. ಸ್ಕೋರ್ ಹಾಕೋಕೆ ನಾನು ಹೋಗಲ್ಲ. 2008ರ ಫೈನಲ್ಸಲ್ಲಿ ಫ್ಯಾಂಟಮ್ ರೆಜಿಮೆಂಟ್ ಅನ್ನೋ ಕೋರ್ ಬ್ಲೂ ಡೆವಿಲ್ಸ್ ಅನ್ನೋ ಕೋರ್ ವಿರುದ್ಧ ಗೆದ್ದಿದ್ದು 0.025 ಅಂತರದಲ್ಲಿ, 98.125ಕ್ಕೆ 98.100. ಆ 0.025 ನನ್ನ ಕಿವಿಗೆ ಸಿಗಲ್ಲ, ಸಿಗುತ್ತೆ ಅಂತ ನಟಿಸೋದೂ ಬೇಡ.

ಇನ್ನೊಂದು ಪೆಟ್ಟು ಬಿದ್ದ ಮೇಲೆ ಕಲಿತಿದ್ದು. ಒಬ್ಬ ಹುಡುಗ ರೈಫಲ್ ಬೀಳಿಸಿದಾಗ ಛೆ ಅಂತ ಜೋರಾಗೇ ಅಂದ್ಬಿಟ್ಟೆ, ಮುಂದಿನ ಸಾಲಲ್ಲಿದ್ದ ಹೆಂಗಸು ತಿರುಗಿ ನೋಡಿದ್ರು, ಟೀ ಶರ್ಟ್ ಮೇಲೆ ಅದೇ ಕೋರ್ ಹೆಸರು. ಏನೂ ಅನ್ನಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು "ನಿನ್ನೆ ರಾತ್ರಿ ಬಸ್ಸಲ್ಲಿ ನಾಲ್ಕು ಗಂಟೆ ಮಲಗಿದಾರೆ ಅಷ್ಟೇ" ಅಂದ್ರು. ಆಮೇಲೆ ಬಿದ್ದಿದ್ದನ್ನ ಬರೆಯೋದು ಬಿಟ್ಟೆ, ಬಿದ್ದ ಮೇಲೆ ಏನಾಯ್ತು ಅದನ್ನ ಬರೀತೀನಿ. ಅವತ್ತು ಆ ಹುಡುಗ ಎರಡು ಎಣಿಕೆಯೊಳಗೆ ಬಗ್ಗಿ ಎತ್ಕೊಂಡು ಮುಂದಿನ ಎಸೆತಕ್ಕೆ ಸರಿಯಾಗಿ ಸೇರ್ಕೊಂಡಿದ್ದ, ನಾನು ಛೆ ಅನ್ನೋ ಗಡಿಬಿಡೀಲಿ ಅದನ್ನ ನೋಡೇ ಇರಲಿಲ್ಲ, ಆಮೇಲೆ ಮಗಳು ಹೇಳಿದ್ದು. ಶೋ ಕಟ್ಟಿದವರನ್ನ ಮಾತ್ರ ಬಿಡಲ್ಲ, ಅವರು ಸಂಬಳ ತಗೊಳ್ಳೋ ದೊಡ್ಡವರು, ಮೂರು ನಿಮಿಷ ಖಾಲಿ ಬಿಟ್ರೆ ಕೇಳ್ಬೇಕಾದ್ದು ಅವರನ್ನೇ. ಹುಡುಗರು ದುಡ್ಡು ಕಟ್ಟಿ ಬಂದಿರೋರು.

ಈ ನವೆಂಬರಲ್ಲಿ ಮಗಳು ಒಂದು ಕೋರ್‌ನ ಆಡಿಷನ್ ಕ್ಯಾಂಪಿಗೆ ಹೋಗ್ತೀನಿ ಅಂತಿದಾಳೆ. ಈಗಲೇ ಷರತ್ತು ಹಾಕಿದಾಳೆ, ಸೆಲೆಕ್ಟ್ ಆದ್ರೆ ಆ ಕೋರ್ ಬಗ್ಗೆ ನಾನು ಒಂದಕ್ಷರ ಬರೆಯೋ ಹಾಗಿಲ್ಲ. ಬರೀ ಚುಕ್ಕಿ ಇಡಬಹುದಾ ಅಂತ ಕೇಳಿದೆ. ಚುಕ್ಕಿ ಓಕೆ, ಅಡ್ಡಗೆರೆ ಬೇಡ ಅಂದ್ಲು.