ಯುವ ಬಯೋಮೆಡಿಕಲ್ ವಿಜ್ಞಾನಿಗಳಿಗೆ ಪ್ರಶಸ್ತಿ: ಅರ್ಜಿಯಿಂದ ವೇದಿಕೆಯವರೆಗೆ

ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಊರುಗಳಲ್ಲಿ ವೈದ್ಯಕೀಯ ಕಾಲೇಜುಗಳಿವೆ. ಬೆಳಗಾವಿಯಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ರಾಷ್ಟ್ರೀಯ ಪಾರಂಪರಿಕ ವೈದ್ಯಕೀಯ ಸಂಸ್ಥೆಯೂ ಇದೆ. ಲ್ಯಾಬಿನಲ್ಲಿ, ವಾರ್ಡಿನಲ್ಲಿ, ಹಳ್ಳಿಯ ಉಪಕೇಂದ್ರದಲ್ಲಿ ಗಟ್ಟಿ ಕೆಲಸ ಮಾಡುವ ಕಿರಿಯ ಸಂಶೋಧಕರಿಗೆ ಈ ಭಾಗದಲ್ಲಿ ಕೊರತೆಯಿಲ್ಲ. ಅವರನ್ನು ಗೌರವಿಸಲು ಹೊರಟ ಸಮಾರಂಭ ಎಡವುವುದು ಹೆಚ್ಚಾಗಿ ಒಂದೇ ಕಡೆ: ಹಾರ ತುರಾಯಿ, ಗಣ್ಯರ ಭಾಷಣ ಎಲ್ಲ ಮುಗಿದು ಜನ ಊಟಕ್ಕೆ ಏಳುವ ಹೊತ್ತಿಗೆ ವಿಜ್ಞಾನಿಯ ಕೈಗೆ ಮೈಕ್ ಬರುತ್ತದೆ. ಅವರು ಏನು ಕಂಡುಕೊಂಡರು ಎಂಬುದು ಸಭೆಗೆ ತಿಳಿಯುವುದೇ ಇಲ್ಲ. ಹಾಗಾಗದಂತೆ ಮೊದಲ ದಿನದಿಂದಲೇ ನೋಡಿಕೊಳ್ಳಬೇಕು.

ದಿನ ಗೊತ್ತುಮಾಡುವುದು

ಆರು ತಿಂಗಳು ಮೊದಲೇ ದಿನ ಗೊತ್ತುಮಾಡಿ. ಬೆಳಗಾವಿಯಲ್ಲಾದರೆ ಡಿಸೆಂಬರ್ ಬೇಡ. ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ ನಡೆದರೆ ಲಾಡ್ಜೂ ಸಿಗದು, ಬಾಡಿಗೆ ಕಾರೂ ಸಿಗದು. ನವೆಂಬರ್ 1ರ ರಾಜ್ಯೋತ್ಸವ ಮೆರವಣಿಗೆ, ಗಣೇಶ ವಿಸರ್ಜನೆ ಇರುವ ದಿನಗಳಲ್ಲಿ ಊರೊಳಗಿನ ಸಭಾಂಗಣಕ್ಕೆ ವಾಹನ ತಲುಪುವುದೇ ಕಷ್ಟ. ವಿಜಯಪುರದಲ್ಲಿ ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆ. ಏಪ್ರಿಲ್, ಮೇ ತಿಂಗಳಲ್ಲಿ ವಿಜಯಪುರ, ಬಾಗಲಕೋಟೆಯ ಬಿಸಿಲಿಗೆ ಎ.ಸಿ. ಇಲ್ಲದ ಹಾಲ್‌ನಲ್ಲಿ ಯಾರೂ ಕೂರುವುದಿಲ್ಲ. ಜನವರಿ ಕೊನೆಯ ವಾರದಿಂದ ಫೆಬ್ರವರಿ ನಡುವಿನವರೆಗೆ ಒಳ್ಳೆಯ ಸಮಯ. ಪಿ.ಜಿ. ಪರೀಕ್ಷೆಯ ದಿನಗಳನ್ನೂ ನೋಡಿಕೊಳ್ಳಿ; ಕಿರಿಯ ವೈದ್ಯರೇ ನಿಮ್ಮ ಸಭಿಕರು.

ಯಾರು ‘ಯುವ’, ಅರ್ಜಿಯಲ್ಲಿ ಏನಿರಬೇಕು

ಕೇಂದ್ರ ಸರಕಾರದ ವಿಜ್ಞಾನ ಯುವ ಶಾಂತಿ ಸ್ವರೂಪ್ ಭಟ್ನಾಗರ್ ಪುರಸ್ಕಾರಕ್ಕೆ ವಯಸ್ಸಿನ ಮಿತಿ 45. ನಮ್ಮ ಭಾಗದ ಪ್ರಶಸ್ತಿಗೆ 40 ಸಾಕು. ಆದರೆ ‘40ರೊಳಗಿನವರು’ ಎಂದಷ್ಟೇ ಬರೆದರೆ ಜಗಳ ಖಚಿತ. ‘ಪ್ರಶಸ್ತಿ ವರ್ಷದ ಜನವರಿ 1ಕ್ಕೆ 40 ತುಂಬಿರಬಾರದು’ ಎಂದು ದಿನಾಂಕ ಹಾಕಿ. ಎಂ.ಡಿ. ಮುಗಿಸಿ, ಕೆಲಸಕ್ಕೆ ಸೇರಿ, ಆಮೇಲೆ ಪಿಎಚ್.ಡಿ. ಮಾಡಿದವರು ಸಂಶೋಧನೆಗೆ ತಡವಾಗಿ ಬಂದಿರುತ್ತಾರೆ. ಅವರಿಗಾಗಿ ‘ಅಥವಾ ಕೊನೆಯ ಪದವಿ ಮುಗಿದು 8 ವರ್ಷದೊಳಗೆ’ ಎಂಬ ಇನ್ನೊಂದು ಬಾಗಿಲು ತೆರೆದಿಡಿ. ಹೆರಿಗೆಗೆ ಬಿಡುವು ಪಡೆದವರಿಗೆ ಪ್ರತಿ ಮಗುವಿಗೆ ಒಂದು ವರ್ಷ ಸೇರಿಸಬೇಕು. ಇದನ್ನು ಪ್ರಕಟಣೆಯಲ್ಲೇ ಅಚ್ಚು ಮಾಡಿ. ಕೇಳಿದವರಿಗೆ ಮಾತ್ರ ಕೊಟ್ಟರೆ ಅದು ನಿಯಮವಲ್ಲ, ಉಪಕಾರ.

ಅರ್ಜಿ ಎರಡು ಪುಟ ಮೀರಬಾರದು. ಮೂವತ್ತು ಪೇಪರುಗಳ ಪಟ್ಟಿ ಬೇಡ. ಅತ್ಯುತ್ತಮವೆನಿಸಿದ ಮೂರು ಸಾಕು, ಪ್ರತಿಯೊಂದಕ್ಕೂ ‘ಇದರಲ್ಲಿ ನನ್ನ ಕೈಯಾರೆ ಆದದ್ದೇನು’ ಎಂದು 100 ಪದ. ಬಯೋಮೆಡಿಕಲ್ ಪೇಪರಿಗೆ ಹತ್ತು ಹದಿನೈದು ಲೇಖಕರಿರುತ್ತಾರೆ. ಯೋಚನೆ ಯಾರದ್ದು, ಸ್ಯಾಂಪಲ್ ಸಂಗ್ರಹಿಸಿದವರು ಯಾರು, ಅಂಕಿ ಅಂಶ ಯಾರು ಮಾಡಿದರು ಎಂಬುದು ಹೆಸರಿನ ಸಾಲಿನಿಂದ ತಿಳಿಯದು. ಜರ್ನಲ್‌ನ ಇಂಪ್ಯಾಕ್ಟ್ ಫ್ಯಾಕ್ಟರ್ ಕೇಳಲೇಬೇಡಿ. ಅದು ಜರ್ನಲ್‌ನ ಲೇಖನಗಳನ್ನು ಇತರರು ಎಷ್ಟು ಬಾರಿ ಉಲ್ಲೇಖಿಸಿದರು ಎಂಬುದರ ಸರಾಸರಿ, ಒಬ್ಬ ವ್ಯಕ್ತಿಯ ಅಳತೆಗೋಲಲ್ಲ. ಸಂಶೋಧನೆಯನ್ನು ಅಳೆಯುವ ಬಗೆ ಕುರಿತ 2012ರ ಸ್ಯಾನ್ ಫ್ರಾನ್ಸಿಸ್ಕೊ ಘೋಷಣೆ ಹೇಳಿದ್ದೂ ಇದನ್ನೇ.

ರೋಗಿಗಳ ಮೇಲಿನ ಅಧ್ಯಯನವಾದರೆ ಎಥಿಕ್ಸ್ ಕಮಿಟಿಯ ಅನುಮತಿ ಸಂಖ್ಯೆ ಬೇಕು. ಕ್ಲಿನಿಕಲ್ ಟ್ರಯಲ್ ಆಗಿದ್ದರೆ ಸಿಟಿಆರ್‌ಐ (ಭಾರತದ ಕ್ಲಿನಿಕಲ್ ಟ್ರಯಲ್‌ಗಳ ದಾಖಲೆ ಪಟ್ಟಿ) ನೋಂದಣಿ ಸಂಖ್ಯೆಯೂ ಬೇಕು. ಸಂಖ್ಯೆ ಪಡೆದು ಸುಮ್ಮನಾಗಬೇಡಿ. ಸಿಟಿಆರ್‌ಐ ಜಾಲತಾಣ ತೆರೆದು ನೋಂದಣಿಯ ದಿನಾಂಕ, ಮೊದಲ ರೋಗಿ ಸೇರಿದ ದಿನಾಂಕ ಎರಡನ್ನೂ ಹೋಲಿಸಿ. 2018ರ ಏಪ್ರಿಲ್ 1ರಿಂದ ಅಲ್ಲಿ ರೋಗಿಗಳನ್ನು ಸೇರಿಸುವ ಮೊದಲೇ ನೋಂದಾಯಿಸಬೇಕು. ಮೂರೂ ಪೇಪರುಗಳು ಹಿಂತೆಗೆಯಲ್ಪಟ್ಟಿಲ್ಲವೆಂದು ಅಂಥ ಪೇಪರುಗಳನ್ನು ದಾಖಲಿಸುವ ರಿಟ್ರಾಕ್ಷನ್ ವಾಚ್ ಪಟ್ಟಿಯಲ್ಲಿ ಹುಡುಕಿ. ಒಬ್ಬ ಅಭ್ಯರ್ಥಿಗೆ ಅರ್ಧ ಗಂಟೆಯ ಕೆಲಸ. ಪ್ರಶಸ್ತಿ ಕೊಟ್ಟ ಮೇಲೆ ಲೋಪ ಹೊರಬಿದ್ದರೆ ಸಂಸ್ಥೆಯ ಹೆಸರು ವರ್ಷಗಟ್ಟಲೆ ಹಾಳು.

ತೀರ್ಪು

ಐವರು ತೀರ್ಪುಗಾರರಿರಲಿ, ಕನಿಷ್ಠ ಮೂವರು ಈ ಮೂರು ಜಿಲ್ಲೆಗಳ ಹೊರಗಿನವರು. ನಮ್ಮಲ್ಲಿ ಎಲ್ಲರೂ ಎಲ್ಲರಿಗೂ ಗೊತ್ತು. ಗೈಡ್, ಸಹೋದ್ಯೋಗಿ, ಬೀಗರು ಒಂದೇ ಮೇಜಿಗೆ ಬರುತ್ತಾರೆ. ಒಂದೇ ಸಂಸ್ಥೆಯವರು, ಗೈಡ್ ಆಗಿದ್ದವರು, ಕಳೆದ ಐದು ವರ್ಷದಲ್ಲಿ ಜೊತೆಗೆ ಪೇಪರ್ ಬರೆದವರು, ಬಂಧುಗಳು ಆ ಅಭ್ಯರ್ಥಿಯ ಚರ್ಚೆಯಾಗುವಾಗ ಕೋಣೆಯಿಂದ ಹೊರಗಿರಬೇಕು. ಅಂಕ ಕೊಡದೆ ಒಳಗೇ ಕೂತಿದ್ದರೆ ಪ್ರಯೋಜನವಿಲ್ಲ.

100 ಅಂಕಗಳನ್ನು ಹೀಗೆ ಹಂಚಬಹುದು: ಪ್ರಶ್ನೆಯ ಮಹತ್ವ 20, ವಿಧಾನದ ಗಟ್ಟಿತನ 35, ಸ್ವಂತ ಪಾಲು 25, ರೋಗಿಗೆ ಅಥವಾ ಮುಂದಿನ ಸಂಶೋಧನೆಗೆ ಆಗುವ ಉಪಯೋಗ 20. ಆದರೆ ಅಂಕಗಳನ್ನು ನೇರವಾಗಿ ಕೂಡಿಸಬೇಡಿ. ಒಬ್ಬ ತೀರ್ಪುಗಾರರು ಎಲ್ಲರಿಗೂ 60ರಿಂದ 65ರೊಳಗೆ ಕೊಡುತ್ತಾರೆ. ಇನ್ನೊಬ್ಬರು 40ರಿಂದ 95ರವರೆಗೆ ಹರಡುತ್ತಾರೆ. ಕೂಡಿಸಿದರೆ ಎರಡನೆಯವರ ಅಭಿಪ್ರಾಯವೇ ಫಲಿತಾಂಶವಾಗಿಬಿಡುತ್ತದೆ, ಮೊದಲನೆಯವರು ಇದ್ದೂ ಇಲ್ಲದಂತೆ. ಪ್ರತಿಯೊಬ್ಬರ ಅಂಕಗಳನ್ನು ಒಂದು, ಎರಡು, ಮೂರು ಎಂದು ಸ್ಥಾನಗಳಿಗೆ ಬದಲಿಸಿ, ಸ್ಥಾನಗಳ ಸರಾಸರಿ ತೆಗೆಯಿರಿ. ನಿರ್ಣಯದ ಹಾಳೆಗೆ ಐವರೂ ಅದೇ ದಿನ ಸಹಿ ಹಾಕಲಿ.

ಬಿನ್ನವತ್ತಳೆ

ಹೆಚ್ಚಿನ ಸಮಯ ಹಾಕಬೇಕಾದದ್ದು ಇಲ್ಲಿ. ಸಾಮಾನ್ಯವಾಗಿ ಕೇಳಿಬರುವ ಬಿನ್ನವತ್ತಳೆ ಹೀಗಿರುತ್ತದೆ: ‘ಇವರು ಪ್ರಸೂತಿ ವಿಜ್ಞಾನ ಕ್ಷೇತ್ರದಲ್ಲಿ ಅನುಪಮ ಸಾಧನೆಗೈದು, ಅಂತರರಾಷ್ಟ್ರೀಯ ನಿಯತಕಾಲಿಕಗಳಲ್ಲಿ ಲೇಖನಗಳನ್ನು ಪ್ರಕಟಿಸಿ ನಾಡಿಗೆ ಕೀರ್ತಿ ತಂದಿದ್ದಾರೆ.’ ‘ಪ್ರಸೂತಿ’ ತೆಗೆದು ‘ನೇತ್ರ’ ಹಾಕಿದರೆ ಕಣ್ಣಿನ ಡಾಕ್ಟರಿಗೂ ಸಲ್ಲುವ ಮಾತು ಇದು.

ಹೇಗಿರಬೇಕು ಎಂಬುದಕ್ಕೆ ನಮ್ಮದೇ ಜಿಲ್ಲೆಯಲ್ಲಿ ನಡೆದು, 2006ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಜರ್ನಲ್‌ನಲ್ಲಿ ಪ್ರಕಟವಾದ ಅಧ್ಯಯನವೊಂದನ್ನು ಬಿನ್ನವತ್ತಳೆಯ ಭಾಷೆಗೆ ತಂದು ನೋಡೋಣ: ‘ಹೆರಿಗೆಯಾದ ಮೇಲೆ ರಕ್ತ ನಿಲ್ಲದೆ ತಾಯಂದಿರು ಸಾಯುತ್ತಾರೆ. ಅದನ್ನು ತಡೆಯುವ ಆಕ್ಸಿಟೋಸಿನ್ ಇಂಜೆಕ್ಷನ್ನನ್ನು ತಂಪಿನಲ್ಲಿಡಬೇಕು, ಚುಚ್ಚಲು ಬಲ್ಲವರೂ ಬೇಕು. ಮನೆಯಲ್ಲೇ ಹೆರಿಗೆಯಾದರೆ ಎರಡೂ ಇಲ್ಲ. ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ 1,620 ತಾಯಂದಿರ ಪೈಕಿ ಸುಮಾರು ಅರ್ಧದಷ್ಟು ಮಂದಿಗೆ ಎಎನ್‌ಎಂ ಸಿಸ್ಟರ್‌ಗಳು ಮಿಸೊಪ್ರೊಸ್ಟಾಲ್ ಮಾತ್ರೆ ನುಂಗಿಸಿದರು, ಉಳಿದವರಿಗೆ ಔಷಧವಿಲ್ಲದ ಮಾತ್ರೆ. ಔಷಧವಿಲ್ಲದ ಗುಂಪಿನಲ್ಲಿ ನೂರಕ್ಕೆ 12 ಮಂದಿಗೆ ಅತಿಯಾದ ರಕ್ತಸ್ರಾವವಾಯಿತು. ಮಿಸೊಪ್ರೊಸ್ಟಾಲ್ ನುಂಗಿದವರಲ್ಲಿ ನೂರಕ್ಕೆ 6ರ ಆಸುಪಾಸು.’

ಸಮಸ್ಯೆ, ಅಡ್ಡಿ, ಮಾಡಿದ್ದು, ಸಿಕ್ಕಿದ್ದು ಈ ನಾಲ್ಕೂ ಅದೇ ಕ್ರಮದಲ್ಲಿ ಬಂದಿವೆ. ಶೇಕಡಾವಾರಿಗಿಂತ ‘ನೂರಕ್ಕೆ ಇಷ್ಟು’ ಎಂದರೆ ಹಿಂದಿನ ಸಾಲಿನ ತಾಯಿಗೂ ಅರ್ಥವಾಗುತ್ತದೆ. ‘ಅರ್ಧಕ್ಕೆ ಇಳಿಯಿತು’ ಎಂದಷ್ಟೇ ಹೇಳುವುದು ಸರಿಯಲ್ಲ. 2ರಿಂದ 1ಕ್ಕೆ ಇಳಿದರೂ ಅದೇ ಮಾತು ಸಲ್ಲುತ್ತದೆ. ಇಲಿಗಳ ಮೇಲೆ ಮಾಡಿದ ಪ್ರಯೋಗವಾದರೆ ‘ಇಲಿಗಳಲ್ಲಿ’ ಎಂಬ ಪದ ಇರಲೇಬೇಕು. ಅದು ಬಿಟ್ಟುಹೋದರೆ ಮರುದಿನ ‘ಕ್ಯಾನ್ಸರ್‌ಗೆ ಮದ್ದು ಸಿಕ್ಕಿತು’ ಎಂದು ಪತ್ರಿಕೆಯಲ್ಲಿ ಬರುತ್ತದೆ, ರೋಗಿಗಳ ಮನೆಯವರು ಫೋನ್ ಮಾಡತೊಡಗುತ್ತಾರೆ. 120 ಪದ ಮೀರಬೇಡಿ. ನಿಧಾನವಾಗಿ ಓದಿದರೆ ಒಂದೂವರೆ ನಿಮಿಷ. ಕರಡನ್ನು ಎರಡು ವಾರ ಮೊದಲು ವಿಜ್ಞಾನಿಗೇ ಕಳಿಸಿ ತಿದ್ದಿಸಿ.

ಪ್ರಮಾಣಪತ್ರದ ಹೆಸರನ್ನು ಇಂಗ್ಲಿಷಿನಿಂದ ಊಹಿಸಿ ಕನ್ನಡಕ್ಕೆ ತರಬೇಡಿ. ಇಂಗ್ಲಿಷಿನಲ್ಲಿ ಲ, ಳ ಎರಡಕ್ಕೂ ಒಂದೇ ಅಕ್ಷರ. ಬಳಿಗಾರ ಅವರು ಬಲಿಗಾರ ಆಗಿಬಿಡುತ್ತಾರೆ. ಅರ್ಜಿಯಲ್ಲೇ ಕನ್ನಡದಲ್ಲಿ ಬರೆಸಿಕೊಳ್ಳಿ, ಪ್ರೂಫನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ ಒಪ್ಪಿಗೆ ಪಡೆಯಿರಿ. ಗಾಜಿನ ಫಲಕ ಪ್ರಯಾಣದಲ್ಲಿ ಒಡೆಯುತ್ತದೆ. ಗುಳೇದಗುಡ್ಡದ ಖಣವನ್ನು ಅಕ್ರಿಲಿಕ್ ಚೌಕಟ್ಟಿನಲ್ಲಿ ಕೂರಿಸಿದರೆ ಹಗುರ, ಚೆಂದ, ನಮ್ಮ ನೆಲದ್ದು. ಹಣವನ್ನು ಬ್ಯಾಂಕ್ ಖಾತೆಗೆ ಹಾಕಿ, ತೆರಿಗೆಯ ವಿಷಯವನ್ನು ಆಡಿಟರ್ ಬಳಿ ಮೊದಲೇ ಕೇಳಿ. ಸರಕಾರದ ಅನುಮೋದನೆ ಇಲ್ಲದ ಪ್ರಶಸ್ತಿಗೆ ವಿನಾಯಿತಿ ತಾನಾಗಿ ಸಿಗುವುದಿಲ್ಲ.

ಆ ದಿನ

ನಾಲ್ವರಿಗೆ ಪ್ರಶಸ್ತಿ ಎಂದುಕೊಳ್ಳಿ. ನಾಡಗೀತೆಗೆ 2 ನಿಮಿಷ 30 ಸೆಕೆಂಡು, ಸ್ವಾಗತಕ್ಕೆ 4 ನಿಮಿಷ, ಆಯ್ಕೆ ನಡೆದ ಬಗೆಗೆ 5. ಆಮೇಲೆ ನೇರವಾಗಿ ವಿಜ್ಞಾನಿಗಳು: ಬಿನ್ನವತ್ತಳೆ ಒಂದೂವರೆ, ಪ್ರದಾನ ಒಂದೂವರೆ, ಅವರ ಮಾತು 8, ಸಭಿಕರ ಪ್ರಶ್ನೆ 2, ಒಟ್ಟು 13. ನಾಲ್ವರಿಗೆ 52 ನಿಮಿಷ. ಮುಖ್ಯ ಅತಿಥಿಗೆ 12, ವಂದನಾರ್ಪಣೆ 3, ರಾಷ್ಟ್ರಗೀತೆ 52 ಸೆಕೆಂಡು. ಎಲ್ಲ ಸೇರಿ ಸುಮಾರು 80 ನಿಮಿಷ; ಒಂದೂವರೆ ಗಂಟೆಯಲ್ಲಿ ಹತ್ತು ನಿಮಿಷ ಕೈಯಲ್ಲಿರುತ್ತದೆ. ಮುಖ್ಯ ಅತಿಥಿಗೆ ಸಮಯವನ್ನು ಆಮಂತ್ರಣ ಪತ್ರದಲ್ಲೇ ತಿಳಿಸಿ. ಹಿರಿಯರಿಗೆ ವೇದಿಕೆಯಲ್ಲಿ ಚೀಟಿ ಕಳಿಸುವುದು ಅಗೌರವ, ಮೊದಲೇ ಹೇಳುವುದು ಅಲ್ಲ. ವೇದಿಕೆಯಲ್ಲಿ ಐದೇ ಕುರ್ಚಿ. ಉಳಿದ ಗಣ್ಯರಿಗೆ ಮೊದಲ ಸಾಲು, ವಿಜ್ಞಾನಿಗಳ ತಂದೆ ತಾಯಿಗೂ ಅದೇ ಸಾಲು.

ಸ್ಲೈಡುಗಳನ್ನು ಹಿಂದಿನ ದಿನವೇ ಪಡೆದು ಒಂದೇ ಲ್ಯಾಪ್‌ಟಾಪಿಗೆ ಹಾಕಿ, ಅದೇ ಪ್ರೊಜೆಕ್ಟರಿನಲ್ಲಿ ಓಡಿಸಿ ನೋಡಿ. ಕನ್ನಡ ಫಾಂಟ್ ಬೇರೆ ಕಂಪ್ಯೂಟರಿನಲ್ಲಿ ಚೌಕಚೌಕವಾಗುತ್ತದೆ, ಪಿಡಿಎಫ್ ಪ್ರತಿಯೂ ಇರಲಿ. ವಿಡಿಯೊ ಫೈಲ್ ಬೇರೆಯಾಗಿ ಬೇಕು. ರೋಗಿಯ ಮುಖ, ಹೆಸರು, ಎಕ್ಸ್‌ರೇ ಮೂಲೆಯಲ್ಲಿನ ಆಸ್ಪತ್ರೆ ಸಂಖ್ಯೆ ಕಾಣುವ ಸ್ಲೈಡನ್ನು ಅಲ್ಲಿಯೇ ತೆಗೆಸಿ. ಜನರೇಟರ್ ಇದ್ದರೂ ಕರೆಂಟ್ ಹೋಗಿ ಬರುವ ಕೆಲವು ಸೆಕೆಂಡಿನಲ್ಲಿ ಪ್ರೊಜೆಕ್ಟರ್ ಆರಿ, ಮತ್ತೆ ಹೊತ್ತಲು ಎರಡು ಮೂರು ನಿಮಿಷ ಬೇಕಾಗುತ್ತದೆ. ಯುಪಿಎಸ್‌ಗೆ ಜೋಡಿಸಿ. ಕಾಲರ್ ಮೈಕ್‌ಗಳು ಎರಡಿರಲಿ, ಒಬ್ಬರು ಮಾತಾಡುವಾಗ ಮುಂದಿನವರಿಗೆ ಹಾಕಿಬಿಡಬಹುದು. ಬ್ಯಾಟರಿ ಹೊಸದು.

ಸಮಾರಂಭ ಮುಗಿದ ವಾರದೊಳಗೆ ಬಿನ್ನವತ್ತಳೆಗಳನ್ನೂ ತೀರ್ಪುಗಾರರ ಹೆಸರುಗಳನ್ನೂ ಜಾಲತಾಣಕ್ಕೆ ಹಾಕಿ. ಆಯ್ಕೆಯಾಗದ ಪ್ರತಿಯೊಬ್ಬ ಅರ್ಜಿದಾರರಿಗೂ ಪತ್ರ ಹೋಗಬೇಕು: ತೀರ್ಪುಗಾರರಿಗೆ ಇಷ್ಟವಾದದ್ದು ಒಂದು ಸಾಲು, ಸಾಲದೆನಿಸಿದ್ದು ಒಂದು ಸಾಲು, ಮುಂದಿನ ವರ್ಷಕ್ಕೆ ಅವರು ಅರ್ಹರೇ ಎಂಬುದು ಇನ್ನೊಂದು ಸಾಲು.