ಅಳತೆ ಬ್ಲೌಸ್

ಹೆಣ್ಣುಮಕ್ಕಳ ಬಟ್ಟೆ ಅಂಗಡಿಗೆ ಮೊದಲ ಸಲ ಹೋದಾಗ ನಾನು ಸುಳ್ಳು ಹೇಳಿದೆ. "ತಂಗಿಗೆ ಬೇಕು" ಅಂದೆ. ನನಗೆ ತಂಗಿ ಇಲ್ಲ. ಒಬ್ಬ ಅಣ್ಣ ಇದ್ದಾನೆ, ಊರಲ್ಲಿ ತೋಟ ನೋಡಿಕೊಳ್ಳುತ್ತಾನೆ.

ಅಂಗಡಿಯವರು ಕೇಳಬೇಕಾದ್ದನ್ನೇ ಕೇಳಿದರು. "ತಂಗಿ ಹೇಗಿದ್ದಾರೆ ಸರ್? ದಪ್ಪನಾ, ಸಣ್ಣನಾ?" ಸ್ವಲ್ಪ ಹೊತ್ತು ಯೋಚಿಸಿದೆ. "ಸಣ್ಣ. ಎತ್ತರ ನನ್ನ ಭುಜದಷ್ಟು ಬರ್ತಾಳೆ" ಅಂದೆ. ಅವರು ಎಂ ಸೈಜಿನ ಒಂದು ಕುರ್ತಿ ತೆಗೆದು ಹರಡಿದರು. ನವಿಲಿನ ಬಣ್ಣ, ಕತ್ತಿನ ಸುತ್ತ ಬಿಳಿ ದಾರದ ಕಸೂತಿ. 450 ರೂಪಾಯಿ. ಚೌಕಾಸಿ ಮಾಡಲಿಲ್ಲ. ಕೊಟ್ಟ ಚೀಲವನ್ನು ನನ್ನ ಬ್ಯಾಗಿನ ತಳಕ್ಕೆ ತುರುಕಿ, ಮೇಲೆ ಊಟದ ಡಬ್ಬಿ ಇಟ್ಟುಕೊಂಡು ಮೆಟ್ರೊ ಹತ್ತಿದೆ.

ಪೀಣ್ಯದ ರೂಮಿಗೆ ಬಂದು ಚಿಲಕ ಹಾಕಿದೆ. ಕಿಟಕಿಗೆ ಹೊದಿಕೆ ಕಟ್ಟಿದೆ. ಕುರ್ತಿ ತಲೆಯಿಂದ ಇಳಿಯಿತು, ಭುಜದ ಹತ್ತಿರ ನಿಂತುಬಿಟ್ಟಿತು. ಕೆಳಗೂ ಬರಲಿಲ್ಲ, ಮೇಲೂ ಹೋಗಲಿಲ್ಲ. ಎರಡೂ ಕೈ ಮೇಲೆತ್ತಿಕೊಂಡು ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ. ಕೊನೆಗೆ ಜೋರಾಗಿ ಎಳೆದಾಗ ಕಂಕುಳ ಹತ್ತಿರ ಹೊಲಿಗೆ ಪರ್ರನೆ ಬಿಟ್ಟಿತು. ಅವತ್ತು ರಾತ್ರಿ ಊಟ ಮಾಡಲಿಲ್ಲ.

ಆಗ ಅದು ನನ್ನ ಮೈಯ ತಪ್ಪು ಅಂದುಕೊಂಡೆ. ಬಹಳ ದಿನ ಆದಮೇಲೆ ಅರ್ಥವಾಯಿತು. ಅಂಗಡಿಯವರಿಗೆ ನಾನು ಹೇಳಿದ್ದು ನನ್ನ ಮನಸ್ಸಿನಲ್ಲಿದ್ದ ಹುಡುಗಿಯ ಅಳತೆ. ಚಿಕ್ಕಂದಿನಿಂದ ಒಳಗೆ ಇಟ್ಟುಕೊಂಡಿದ್ದ ಹುಡುಗಿ, ಸಣ್ಣಗೆ, ಕಿರಿದಾದ ಭುಜದವಳು. ಬಟ್ಟೆ ಹಾಕಿಕೊಳ್ಳಬೇಕಾದ ಮೈಗೆ ಬೇರೆ ಅಳತೆ ಇತ್ತು. ಅದನ್ನು ಯಾರೂ ತೆಗೆದಿರಲಿಲ್ಲ, ನಾನೂ ತೆಗೆದಿರಲಿಲ್ಲ.

ನಾನು ಟ್ರಾನ್ಸ್ ಮಹಿಳೆ. ಊರು ಹೊಸದುರ್ಗದ ಕಡೆ. ಬೆಂಗಳೂರಿನಲ್ಲಿ ಲೆಕ್ಕ ಬರೆಯುವ ಕೆಲಸ. ಇದನ್ನು ಬರೆಯುತ್ತಿರುವುದು ನನ್ನ ಹಾಗೆ ಮೊದಲ ಸಲ ಅಂಗಡಿ ಮೆಟ್ಟಿಲು ಹತ್ತಬೇಕಾದವರಿಗೆ. ನನಗೆ ಆಗ ಇದನ್ನೆಲ್ಲ ಹೇಳಿಕೊಡುವವರು ಯಾರೂ ಇರಲಿಲ್ಲ. ಬೇರೆ ಹುಡುಗಿಯರಿಗೆ ಅಮ್ಮ, ಅಕ್ಕ, ಗೆಳತಿಯರು ಹದಿಮೂರು ಹದಿನಾಲ್ಕು ವರ್ಷಕ್ಕೇ ಕಲಿಸುವುದನ್ನು ನಾನು ಇಪ್ಪತ್ತೊಂಬತ್ತಕ್ಕೆ ಒಬ್ಬಳೇ ಕಲಿಯಬೇಕಾಯಿತು.

ಆಮೇಲೆ ನಮ್ಮ ಟ್ರಾನ್ಸ್ ಸಮುದಾಯದ ಒಬ್ಬ ಅಕ್ಕ ಸಿಕ್ಕರು. ಹರಿದ ಕುರ್ತಿಯ ಕತೆ ಕೇಳಿ ಅವರು ನಗಲಿಲ್ಲ. "ಮೊದಲು ಒಂದು ಟೇಪ್ ತಗೋ ಪುಟ್ಟಿ. ನಿನ್ನ ಮೈ ಎಷ್ಟಿದೆ ಅಂತ ನಿನಗೇ ಗೊತ್ತಿಲ್ಲದೆ ಅಂಗಡಿಯವರಿಗೆ ಏನಂತ ಹೇಳ್ತೀಯ?" ಅಂದರು. ದರ್ಜಿಗಳು ಕೊರಳಿಗೆ ಹಾಕಿಕೊಳ್ಳುವ ಟೇಪು, ಇಪ್ಪತ್ತು ರೂಪಾಯಿ. ನಾನು ಬೆಂಗಳೂರಿನಲ್ಲಿ ಮಾಡಿದ ಅತಿ ಒಳ್ಳೆಯ ಖರ್ಚು ಅದೇ.

ಐದು ಕಡೆ ಅಳೆಯಬೇಕು. ಎದೆಯ ಸುತ್ತ, ಎದೆಯ ಕೆಳಗಿನ ಸುತ್ತ, ಸೊಂಟ, ಹಿಂಭಾಗ ಸೇರಿಸಿ ಕೆಳಸೊಂಟ, ಆಮೇಲೆ ಬೆನ್ನ ಕಡೆಯಿಂದ ಒಂದು ಭುಜದ ತುದಿಯಿಂದ ಇನ್ನೊಂದು ತುದಿಗೆ. ಭುಜದ ಅಳತೆ ಒಬ್ಬರೇ ತೆಗೆಯಲು ಆಗುವುದಿಲ್ಲ. ಅದನ್ನು ಅಕ್ಕನೇ ತೆಗೆದರು. ನನ್ನದು ಎದೆ 39, ಸೊಂಟ 34, ಕೆಳಸೊಂಟ 38, ಭುಜ 17. ಕನ್ನಡಿ ಮುಂದೆ ನಿಂತಾಗಲೆಲ್ಲ ನನಗೆ ನನ್ನ ಭುಜ ಬಾಗಿಲಷ್ಟು ಅಗಲ ಕಾಣುತ್ತಿತ್ತು. ಕಾಗದದ ಮೇಲೆ ನೋಡಿದರೆ ಬರೀ ಹದಿನೇಳು ಇಂಚು. ಅಂಗಡಿಯಲ್ಲಿ ಸಿಗುವ ಕುರ್ತಿಯ ಭುಜ ಹದಿನೈದರ ಆಸುಪಾಸು ಇರುತ್ತದೆ. ಅಂದರೆ ಎರಡು ಇಂಚಿನ ವ್ಯತ್ಯಾಸ. ಅಷ್ಟಕ್ಕೆ ನಾನು ಅವತ್ತು ಊಟ ಬಿಟ್ಟಿದ್ದೆ.

ಎರಡನೇ ಸಲ ಹೋಗಿದ್ದು ಒಂದು ದೊಡ್ಡ ಮಳಿಗೆಗೆ. ಅಲ್ಲಿ ಯಾರೂ ಏನೂ ಕೇಳುವುದಿಲ್ಲ, ನಾವೇ ತೆಗೆದುಕೊಂಡು ಹಾಕಿ ನೋಡಬಹುದು ಅಂತ ಧೈರ್ಯ. ಮೂರು ಕುರ್ತಿ ಕೈಯಲ್ಲಿ ಹಿಡಿದು ಹೆಂಗಸರ ಟ್ರಯಲ್ ರೂಮಿನ ಕಡೆ ಹೋದೆ. ಬಾಗಿಲಲ್ಲಿದ್ದವರು ಕೈ ಅಡ್ಡ ಇಟ್ಟರು. "ಜೆಂಟ್ಸ್ ಆ ಕಡೆ." ಹೋಗಲಿ ಅಂತ ಆ ಕಡೆ ಹೋದರೆ ಅಲ್ಲಿದ್ದವರು ಕೈಯಲ್ಲಿದ್ದ ಬಟ್ಟೆ ನೋಡಿ, "ಲೇಡೀಸ್ ಬಟ್ಟೆ ಇಲ್ಲಿ ಹಾಕೋ ಹಾಗಿಲ್ಲ" ಅಂದರು. ಮೂರನ್ನೂ ವಾಪಸ್ ನೇತುಹಾಕಿ ಬಂದೆ.

2014ರ ಏಪ್ರಿಲ್ 15ರಂದೇ ಸುಪ್ರೀಂ ಕೋರ್ಟ್, ನಾವು ಗಂಡೋ ಹೆಣ್ಣೋ ಬೇರೆಯೋ ಅಂತ ಹೇಳಿಕೊಳ್ಳುವ ಹಕ್ಕು ನಮ್ಮದೇ ಅಂತ ತೀರ್ಪು ಕೊಟ್ಟಿತ್ತು. 2019ರಲ್ಲಿ ಸಂಸತ್ತು ಮಾಡಿದ ಕಾಯ್ದೆಯ 3ನೇ ಸೆಕ್ಷನ್ನಿನಲ್ಲಿ, ಎಲ್ಲರಿಗೂ ಅಂತ ಇರುವ ಸರಕು, ಸೇವೆ, ಸೌಲಭ್ಯಗಳಲ್ಲಿ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳಿಗೆ ಭೇದ ಮಾಡಬಾರದು ಅಂತ ಬರೆದಿದೆ. ಇದೆಲ್ಲ ಗೊತ್ತಾಗಿದ್ದು ಆಮೇಲೆ. ಆದರೆ ಅವತ್ತು ಗೊತ್ತಿದ್ದರೂ ಬಾಯಿ ಬರುತ್ತಿರಲಿಲ್ಲ. ಸೆಕ್ಷನ್ ನಂಬರ್ ಹೇಳುವುದಕ್ಕೂ ನಾಲ್ಕು ಜನರ ಮುಂದೆ ಗಂಟಲು ಒದ್ದೆ ಇರಬೇಕು. ಯಾರಿಗಾದರೂ ಹೀಗಾದರೆ, ಅಲ್ಲಿ ಜಗಳ ಮಾಡಲಿಲ್ಲ ಅಂತ ನಿಮ್ಮನ್ನು ನೀವು ಬೈದುಕೊಳ್ಳಬೇಡಿ.

ಸರಿಯಾಗಿ ಕೊಂಡಿದ್ದು 2022ರ ಜುಲೈನಲ್ಲಿ. ಆಷಾಢದ ಸೇಲ್ ಇತ್ತು. ಆಷಾಢದಲ್ಲಿ ಮದುವೆ ಮುಂಜಿ ಇರುವುದಿಲ್ಲ, ಬಟ್ಟೆಯವರು ರೇಟ್ ಇಳಿಸುತ್ತಾರೆ. ವಾರದ ಮಧ್ಯೆ ಒಂದು ದಿನ ರಜೆ ಹಾಕಿ ಬೆಳಿಗ್ಗೆ ಹನ್ನೊಂದಕ್ಕೆ ಹೋದೆ. ಆ ಹೊತ್ತಿಗೆ ಅಂಗಡಿ ತೆರೆದಿರುತ್ತದೆ, ಜನ ಇರುವುದಿಲ್ಲ, ಕೆಲಸದವರಿಗೆ ಮಾತಾಡಲು ಪುರುಸೊತ್ತು ಇರುತ್ತದೆ. ಶನಿವಾರ ಸಂಜೆ ಮಾತ್ರ ಹೋಗಬೇಡಿ. ಅಕ್ಕ ಜೊತೆಗೆ ಬರುತ್ತೇನೆ ಅಂದಿದ್ದರು, ಅವರಿಗೆ ಜ್ವರ ಬಂತು. ಮುಂದಕ್ಕೆ ಹಾಕಿದರೆ ಮತ್ತೆ ಹೋಗುವುದಿಲ್ಲ ಅಂತ ನನಗೆ ಗೊತ್ತಿತ್ತು. ಮುಖಕ್ಕೆ ಮಾಸ್ಕ್ ಹಾಕಿಕೊಂಡೆ. ಕೊರೊನಾ ಪೂರ್ತಿ ಹೋಗಿರಲಿಲ್ಲ, ಯಾರಿಗೂ ವಿಚಿತ್ರ ಅನ್ನಿಸುತ್ತಿರಲಿಲ್ಲ. ಪೀಣ್ಯದಿಂದ ಜಯನಗರಕ್ಕೆ ಹಸಿರು ಮಾರ್ಗದಲ್ಲಿ ಒಂದೇ ರೈಲು.

ನಾಲ್ಕನೇ ಬ್ಲಾಕಿನಲ್ಲಿ ಎರಡು ಸುತ್ತು ಹಾಕಿದೆ. ಫುಟ್‌ಪಾತಿನಲ್ಲೂ ಕುರ್ತಿ ನೇತುಹಾಕಿರುತ್ತಾರೆ, ಅಲ್ಲಿ ಅಗ್ಗ. ಆದರೆ ಹಾಕಿ ನೋಡಲು ಆಗುವುದಿಲ್ಲ, ನಮಗೆ ಹಾಕಿ ನೋಡದೆ ಕೊಳ್ಳುವುದು ನಷ್ಟ. ಕೊನೆಗೆ ಒಂದು ಸಣ್ಣ ಅಂಗಡಿ ಕಂಡಿತು. ಒಳಗೆ ಒಬ್ಬರೇ ಹೆಂಗಸು, ಸುಮಾರು ನಲವತ್ತು ವಯಸ್ಸು, ಬಟ್ಟೆ ಮಡಚುತ್ತಿದ್ದರು.

"ಯಾರಿಗೆ ನೋಡ್ತಿದ್ದೀರಾ?" ಅಂದರು.

ತಂಗಿ ನಾಲಿಗೆ ತುದಿಗೆ ಬಂದಿದ್ದಳು. "ನನಗೇ" ಅಂದೆ. ದನಿ ಎಷ್ಟು ಸಣ್ಣಗೆ ಬಂತೆಂದರೆ ಅವರು "ಆಂ?" ಅಂತ ಮತ್ತೆ ಕೇಳಿದರು. ಎರಡನೇ ಸಲ ಹೇಳಬೇಕಾಯಿತು. ಎರಡನೆಯದು ಮೊದಲಿಗಿಂತ ಕಷ್ಟ.

ಅವರು ಮಡಚುತ್ತಿದ್ದ ಬಟ್ಟೆ ಪಕ್ಕಕ್ಕಿಟ್ಟರು. ನನ್ನ ಮುಖ ನೋಡಲಿಲ್ಲ, ಭುಜ ನೋಡಿದರು. ತಿರುಗಿ ಅಂದರು. ತಿರುಗಿದೆ. "ಭುಜ ಅಗಲ ಇದೆ ಅಲ್ವಾ. ಮಾಮೂಲಿ ತೋಳು ಹಾಕಿದ್ರೆ ಇಲ್ಲಿ ಹಿಡಿಯತ್ತೆ. ರಾಗ್ಲಾನ್ ತೋಳಿನದು ತೋರಿಸ್ತೀನಿ ಇರಿ." ರಾಗ್ಲಾನ್ ಅಂದರೆ ತೋಳಿನ ಹೊಲಿಗೆ ಭುಜದ ತುದಿಯಲ್ಲಿ ಇರುವುದಿಲ್ಲ, ಕತ್ತಿನಿಂದ ಕಂಕುಳಿಗೆ ಓರೆಯಾಗಿ ಇಳಿಯುತ್ತದೆ. ಭುಜ ಹದಿನೈದೋ ಹದಿನೇಳೋ ಅನ್ನುವ ಪ್ರಶ್ನೆಯೇ ಅಲ್ಲಿ ಇಲ್ಲ. ನಾನು ತಿಂಗಳುಗಟ್ಟಲೆ ಅತ್ತಿದ್ದ ಸಮಸ್ಯೆಗೆ ಅವರ ಹತ್ತಿರ ಒಂದು ಹೊಲಿಗೆ ಇತ್ತು.

ಅವತ್ತು ಅವರಿಂದ ಕಲಿತಿದ್ದು ಬಹಳ. ಅಳತೆ ಚೀಟಿ ಕೊಟ್ಟಾಗ ಓದಿ, ಎಕ್ಸ್‌ಎಲ್ ಅಂದರೆ ಅವರಲ್ಲಿ 42 ಅಂತಲೂ, ಕಂಪನಿಯಿಂದ ಕಂಪನಿಗೆ ಅದು ಬದಲಾಗುತ್ತದೆ ಅಂತಲೂ ಹೇಳಿದರು. ಅಕ್ಷರ ನಂಬಬೇಡಿ, ಇಂಚು ಕೇಳಿ. ಕೊಳ್ಳುವ ಮೊದಲು ಕುರ್ತಿಯನ್ನು ಒಳಮಗ್ಗುಲಾಗಿ ತಿರುಗಿಸಿ ಪಕ್ಕದ ಹೊಲಿಗೆ ನೋಡಬೇಕು. ಒಳಗೆ ಒಂದು ಇಂಚು ಬಟ್ಟೆ ಬಿಟ್ಟಿದ್ದರೆ ದರ್ಜಿ ಬಿಚ್ಚಿ ಸಡಿಲ ಮಾಡಿಕೊಡುತ್ತಾರೆ. ಬಿಡದಿದ್ದರೆ ಏನೂ ಮಾಡಲು ಆಗುವುದಿಲ್ಲ. ಸೊಂಟದಿಂದ ಕೆಳಗೆ ಅಗಲ ಆಗುತ್ತಾ ಹೋಗುವ ಎ-ಲೈನ್ ಕಟ್ ನನಗೆ ಒಪ್ಪುತ್ತದೆ, ಮೇಲಿನ ಅಗಲಕ್ಕೆ ಕೆಳಗೆ ಸಮ ಕೊಡುತ್ತದೆ. ದೋಣಿಯಂತೆ ಭುಜದಿಂದ ಭುಜಕ್ಕೆ ಹರಡುವ ಕತ್ತು ಬೇಡ, ವಿ ಕತ್ತು ಚೆನ್ನ. ಮುಕ್ಕಾಲು ತೋಳು ಒಳ್ಳೆಯದು. ಇದೆಲ್ಲ ನನ್ನ ಮೈಗೆ ಸರಿ, ನಿಮ್ಮದು ಬೇರೆ ಇರಬಹುದು. ಹಾಕಿ ನೋಡಿಯೇ ತಿಳಿಯಬೇಕು.

ಟ್ರಯಲ್ ರೂಮ್ ಅಂದರೆ ಮೂಲೆಯಲ್ಲಿ ಒಂದು ಪರದೆ. ಮೆರೂನ್ ಬಣ್ಣದ ಹತ್ತಿ ಕುರ್ತಿ ತಲೆಯಿಂದ ಇಳಿಯಿತು, ಭುಜ ದಾಟಿತು, ಮೊಣಕಾಲಿನವರೆಗೆ ಹೋಗಿ ನಿಂತಿತು. ಉಸಿರು ಬಿಟ್ಟೆ. ಆಚೆಯಿಂದ ಅವರು, "ಕೈ ಎತ್ತಿ ನೋಡಿ, ಬಸ್ಸಲ್ಲಿ ಮೇಲೆ ಹಿಡ್ಕೋಬೇಕಲ್ಲ" ಅಂದರು. ಎತ್ತಿದೆ. ಎಲ್ಲೂ ಹಿಡಿಯಲಿಲ್ಲ. ಕನ್ನಡಿಯಲ್ಲಿ ಬೆಳಿಗ್ಗೆ ಬಸ್ ಸ್ಟಾಪಿನಲ್ಲಿ ನಿಲ್ಲುವ ಒಬ್ಬಳು ಹೆಂಗಸು ಕೈ ಎತ್ತಿಕೊಂಡು ನಿಂತಿದ್ದಳು. ಸುಂದರವಾಗಿದ್ದಳೋ ಇಲ್ಲವೋ ಅಂತ ನಾನು ನೋಡಲೇ ಇಲ್ಲ. ಕೆಲಸಕ್ಕೆ ಹೊರಟವಳ ಹಾಗೆ ಇದ್ದಳು, ಅದು ಸಾಕಾಗಿತ್ತು.

ಎರಡು ಕುರ್ತಿ, ಒಂದು ಕಪ್ಪು ಲೆಗ್ಗಿಂಗ್ಸ್, ಒಂದು ವೇಲ್. ಸೇಲ್ ಕಳೆದು 1,240 ರೂಪಾಯಿ ಆಯಿತು. ಒಳಉಡುಪಿಗೆ ಅವರೇ ಪಕ್ಕದ ಅಂಗಡಿಗೆ ಕಳಿಸಿ, "ಅಲ್ಲಿ ಹುಡುಗಿ ಇರ್ತಾಳೆ, ನಾನು ಕಳಿಸಿದೆ ಅನ್ನಿ" ಅಂದರು. ಇದರ ಬಗ್ಗೆ ಎಲ್ಲರೂ ನಾಚಿಕೊಂಡು ಸುಮ್ಮನಾಗುತ್ತಾರೆ, ಹಾಗಾಗಿ ನಾನು ಹೇಳಿಬಿಡುತ್ತೇನೆ. ಬ್ರಾ ಸೈಜಿನಲ್ಲಿ ನಂಬರು ಬರುವುದು ಎದೆಯ ಕೆಳಗಿನ ಸುತ್ತಿನಿಂದ, ಎ, ಬಿ, ಸಿ ಅನ್ನುವ ಅಕ್ಷರ ಬರುವುದು ಕಪ್ ಅಳತೆಯಿಂದ. ನಮಗೆ ಬೆನ್ನು ಅಗಲ ಇರುವುದರಿಂದ ಎದೆ ಮಾತ್ರ ಅಳೆದುಕೊಂಡು ಹೋದರೆ ತಪ್ಪಾಗುತ್ತದೆ. ಹಿಂದೆ ಬಿಗಿಯಾದರೆ ಎಕ್ಸ್‌ಟೆಂಡರ್ ಅಂತ ಹುಕ್ಕಿನ ಪಟ್ಟಿ ಸಿಗುತ್ತದೆ, ಕೇಳಿ.

ಚಪ್ಪಲಿ ಸುಲಭವಾಗಿ ಸಿಕ್ಕಿತು. ಬಳೆ ಸಿಗಲಿಲ್ಲ. ಗಾಜಿನ ಬಳೆಗೆ ಎರಡು ನಾಲ್ಕು, ಎರಡು ಆರು, ಎರಡು ಎಂಟು ಅಂತ ಅಳತೆ. ನನಗೆ ಬೇಕಿದ್ದುದು ಎರಡು ಹತ್ತು, ಅದು ಎಲ್ಲ ಕಡೆ ಇಡುವುದಿಲ್ಲ.

ಹೊಸ ಕುರ್ತಿ ಹಾಕಿಕೊಂಡೇ ಹೊರಗೆ ಬರಲು ಅವತ್ತು ಧೈರ್ಯ ಆಗಲಿಲ್ಲ. ಮುಂದಿನ ಭಾನುವಾರ ಅಕ್ಕನ ಮನೆಗೆ ಹಾಕಿಕೊಂಡು ಹೋದೆ. ಬೀದಿಗೆ ಇಳಿದಾಗ ಫೋನು ಎಲ್ಲಿಡಲಿ ಅಂತ ಕೈ ತೊಡೆಯ ಪಕ್ಕ ತಡವಿತು. ಜೇಬು ಇಲ್ಲ. ಒಂದು ಸಣ್ಣ ಹ್ಯಾಂಡ್‌ಬ್ಯಾಗ್ ಮೊದಲೇ ತೆಗೆದಿಟ್ಟುಕೊಳ್ಳಿ. ಇದನ್ನು ಯಾರೂ ಹೇಳುವುದಿಲ್ಲ.

ಸೀರೆಯ ಯೋಚನೆ ಅದಕ್ಕೂ ಮೊದಲೇ ಇತ್ತು. 2021ರ ನವೆಂಬರಿನಲ್ಲಿ ನಮ್ಮ ಹಾಗೇ ಟ್ರಾನ್ಸ್ ಮಹಿಳೆಯಾದ ಜಾನಪದ ಕಲಾವಿದೆ ಮಂಜಮ್ಮ ಜೋಗತಿ ಅವರು ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ತೆಗೆದುಕೊಂಡರಲ್ಲ, ಸೆರಗಿನಿಂದ ರಾಷ್ಟ್ರಪತಿಗಳಿಗೆ ದೃಷ್ಟಿ ತೆಗೆದರಲ್ಲ, ಅದನ್ನು ಅಮ್ಮ ಟಿವಿಯಲ್ಲಿ ನೋಡಿ ನನಗೆ ಫೋನ್ ಮಾಡಿದ್ದರು. "ಆಯಮ್ಮ ಎಷ್ಟು ಚೆನ್ನಾಗಿ ಸೀರೆ ಉಟ್ಟಿದ್ರು" ಅಂದರು. ಆಮೇಲೆ ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಅಮ್ಮನಿಗೆ ಗೊತ್ತಿತ್ತು ಅಂತ ನನಗೆ ಆಗಲೇ ಗೊತ್ತಾಯಿತು.

ಚಿಕ್ಕಪೇಟೆಯಲ್ಲಿ ಒಂದು ಹತ್ತಿಯ ಇಳಕಲ್ ಸೀರೆ ಕೊಂಡೆ. ಸೀರೆಗೆ ಸೈಜ್ ಇಲ್ಲ, ಯಾವ ಮೈಗೂ ಅದು ಇಲ್ಲ ಅನ್ನುವುದಿಲ್ಲ. ಫಾಲ್ ಹಾಕಿಸಿ, ಬ್ಲೌಸ್ ಪೀಸ್ ಹಿಡಿದುಕೊಂಡು ದಾಸರಹಳ್ಳಿಯಲ್ಲಿ ಮನೆಯಲ್ಲೇ ಹೊಲಿಯುವ ಒಬ್ಬರ ಹತ್ತಿರ ಹೋದೆ. ಅವರು ತಲೆ ಎತ್ತದೆ ಕೇಳಿದರು, "ಅಳತೆ ಬ್ಲೌಸ್ ತಂದಿದ್ದೀರಾ?"

ಎಲ್ಲ ಹೆಂಗಸರ ಹತ್ತಿರ ಒಂದು ಅಳತೆ ಬ್ಲೌಸ್ ಇರುತ್ತದೆ. ಸರಿಯಾಗಿ ಕೂತ ಹಳೆಯದೊಂದು ಬ್ಲೌಸ್, ಹೊಸದನ್ನು ಅದರ ಮೇಲಿಟ್ಟು ಕತ್ತರಿಸುತ್ತಾರೆ. ನನ್ನ ಹತ್ತಿರ ಇರಲಿಲ್ಲ. "ಇದೇ ಮೊದಲನೇದು" ಅಂದೆ. ಅವರು ಮಿಷಿನ್ ನಿಲ್ಲಿಸಿದರು. ಟೇಪು ತೆಗೆದುಕೊಂಡು ಎದ್ದು ಬಂದರು.

ಹತ್ತು ದಿನ ಬಿಟ್ಟು ಹೋಗಿ ಅಲ್ಲೇ ಹಾಕಿ ನೋಡಿದೆ. ಎದೆ ಸರಿ, ಉದ್ದ ಸರಿ, ಬಲಗೈ ಎತ್ತಿದರೆ ಮಾತ್ರ ಸ್ವಲ್ಪ ಎಳೆಯುತ್ತಿತ್ತು. ಅವರು ಕಂಕುಳ ಕೆಳಗೆ ಬೆರಳಿಟ್ಟು ನೋಡಿ ಸೀಮೆಸುಣ್ಣದಲ್ಲಿ ಗುರುತು ಮಾಡಿದರು.

"ಇದನ್ನ ಸಡಿಲ ಮಾಡಿಕೊಡ್ತೀನಿ. ಮುಂದಿನ ಸಲ ಬರುವಾಗ ಇದನ್ನೇ ಅಳತೆಗೆ ತನ್ನಿ, ಇಲ್ಲಿ ಅರ್ಧ ಇಂಚು ಜಾಸ್ತಿ ಬಿಡ್ತೀನಿ."